ಥರ್ಮಾಕೋಲ್ ಬೇಡದ ಪೆಂಗ್ವಿನ್

ಶಿರಾದಲ್ಲಿ ನಮ್ಮದೊಂದು ಸ್ಟೇಷನರಿ ಅಂಗಡಿ ಇದೆ. ಜೆರಾಕ್ಸ್ ಮೆಷಿನ್ ನಮ್ಮ ಮನೆಯವರ ಪಾಲು, ಪೆನ್ನು, ನೋಟ್‌ಬುಕ್, ಚಾರ್ಟ್ ಶೀಟ್ ನನ್ನ ಪಾಲು. ಶಾಲೆಗಳಲ್ಲಿ ಪ್ರಾಜೆಕ್ಟ್ ಶುರುವಾದರೆ ಥರ್ಮಾಕೋಲ್‌ಗೆ ಎಲ್ಲಿಲ್ಲದ ಬೇಡಿಕೆ. ಪೆಂಗ್ವಿನ್ ಪ್ರಾಜೆಕ್ಟ್ ಅಂದರೆ ಎರಡು ಶೀಟ್ ಗ್ಯಾರಂಟಿ. ಒಂದು ಹಿಮಕ್ಕೆ, ಇನ್ನೊಂದು ಪಕ್ಕದಲ್ಲಿ ನಿಲ್ಲುವ ಹಿಮಕರಡಿಗೆ.

ಹಿಮಕರಡಿ ಇರುವುದು ಉತ್ತರ ಧ್ರುವದ ಕಡೆ. ಪೆಂಗ್ವಿನ್‌ಗಳು ಹೆಚ್ಚುಕಡಿಮೆ ಎಲ್ಲವೂ ಇರುವುದು ಭೂಮಿಯ ದಕ್ಷಿಣದ ಅರ್ಧದಲ್ಲಿ. ಇವೆರಡೂ ಅಕ್ಕಪಕ್ಕ ನಿಲ್ಲುವುದು ನಾನು ಮಾರಿದ ಥರ್ಮಾಕೋಲ್ ಮೇಲೆ ಮಾತ್ರ.

ಹೋದ ವರ್ಷ ನನ್ನ ಮಗಳಿಗೂ ಇದೇ ಪ್ರಾಜೆಕ್ಟ್ ಬಂತು. ಏಳನೇ ಕ್ಲಾಸು. ಅವಳು ಹೇಳಿದ್ದನ್ನು ಸುಮ್ನೆ ಒಪ್ಪುವ ಪೈಕಿ ಅಲ್ಲ. ಎಲ್ಲೋ ಓದಿ, ಗಲಾಪಗೋಸ್ ದ್ವೀಪದ ಪೆಂಗ್ವಿನ್ನೇ ಮಾಡುತ್ತೇನೆ ಅಂತ ಹಟ ಹಿಡಿದಳು. ಭೂಮಧ್ಯರೇಖೆ ಹಾದು ಹೋಗುವ ಜಾಗ ಅದು. ಕಪ್ಪು ಲಾವಾ ಬಂಡೆ, ಬಂಡೆಯ ಸಂದಿಯಲ್ಲಿ ಗೂಡು, ಹಿಂದೆ ಪಾಪಾಸುಕಳ್ಳಿ. ಬಂಡೆಗೆ ಬಣ್ಣ ಸಾಲದೆ ಜೆರಾಕ್ಸ್ ಮೆಷಿನ್ನಿನ ಹಳೇ ಟೋನರ್ ಪುಡಿ ಬಳಿದು ಅವರಪ್ಪನ ಹತ್ತಿರ ಬೈಸಿಕೊಂಡಳು. ಹತ್ತಕ್ಕೆ ಐದು ಮಾರ್ಕ್ಸ್ ಬಂತು. 'ಪೆಂಗ್ವಿನ್ ಹಿಮದಲ್ಲಿ ಇರುತ್ತದೆ' ಅಂತ ಕೆಂಪು ಇಂಕಿನಲ್ಲಿ ಬರೆದಿತ್ತು. ಪಕ್ಕದ ಬೆಂಚಿನ ಹುಡುಗನಿಗೆ ಒಂಬತ್ತು. ಅವನ ಕರಡಿ ಚೆನ್ನಾಗಿತ್ತು, ಅದನ್ನು ಒಪ್ಪಬೇಕು.

ನಾನು ಹೋಗಿ ಜಗಳ ಆಡಲಿಲ್ಲ. ಆದರೆ ಆ ಐದು ಮಾರ್ಕ್ಸ್‌ನ ಸಿಟ್ಟಿಗೆ, ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಕೂತು ಒಂದು ವರ್ಷದಿಂದ ಪೆಂಗ್ವಿನ್ ಬಗ್ಗೆ ಓದುತ್ತಿದ್ದೇನೆ. ಓದಿದ್ದೆಲ್ಲ ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು ಕಷ್ಟ. ಅದಕ್ಕೇ ಈ ಉದ್ದನೆ ಪೋಸ್ಟ್.

ಪೆಂಗ್ವಿನ್‌ಗಳಲ್ಲಿ ಸುಮಾರು 18 ಜಾತಿ. ಅಂಟಾರ್ಕ್ಟಿಕಾದ ಸುತ್ತ ಹಿಮವನ್ನೇ ನಂಬಿಕೊಂಡಿರುವವು ಅಂದರೆ ಎಂಪರರ್ ಮತ್ತು ಅಡೆಲಿ. ಉಳಿದವುಗಳಲ್ಲಿ ಎಷ್ಟೋ ಜಾತಿ ಹಿಮದ ಮುಖವನ್ನೇ ನೋಡಿರುವುದಿಲ್ಲ. ನ್ಯೂಜಿಲೆಂಡಿನಲ್ಲಿ ಕಾಡಿನ ಮರದ ಬೇರಿನ ಸಂದಿಯಲ್ಲಿ ಮರಿ ಮಾಡುವ ಪೆಂಗ್ವಿನ್ ಇದೆ. ಪೆರು, ಚಿಲಿಯ ಕಡೆ ಮರುಭೂಮಿಯ ಅಂಚಿನಲ್ಲಿ ಹಂಬೋಲ್ಟ್ ಪೆಂಗ್ವಿನ್ ಇದೆ. 2016ರಲ್ಲಿ ಮುಂಬೈನ ಬೈಕುಲಾ ಝೂಗೆ ತಂದಿದ್ದು ಇದೇ ಜಾತಿಯವನ್ನು.

ಇನ್ನೊಂದು ಮಾತು ಕೇಳಿ. ಪೆಂಗ್ವಿನ್ ವಂಶ ಅಂಟಾರ್ಕ್ಟಿಕಾದ ಹಿಮಕ್ಕಿಂತ ಹಳೆಯದು. ನ್ಯೂಜಿಲೆಂಡಿನಲ್ಲಿ ಸಿಕ್ಕ ವೈಮಾನು ಅನ್ನುವ ಪೆಂಗ್ವಿನ್ನಿನ ಮೂಳೆಗೆ 6 ಕೋಟಿ ವರ್ಷಕ್ಕೂ ಜಾಸ್ತಿ ವಯಸ್ಸು. ಅಂಟಾರ್ಕ್ಟಿಕಾದ ಮೇಲೆ ದೊಡ್ಡ ಹಿಮದ ಹೊದಿಕೆ ಕೂತಿದ್ದು ಸುಮಾರು 3.4 ಕೋಟಿ ವರ್ಷದ ಹಿಂದೆ. ಅಲ್ಲಿಯವರೆಗೆ ಇವು ಬೆಚ್ಚಗಿನ ಕಡಲಲ್ಲೇ ಈಜುತ್ತಿದ್ದವು. ಹಾರುವ ರೆಕ್ಕೆ ಆಗಲೇ ದೋಣಿಯ ಹುಟ್ಟಿನ ಹಾಗಾಗಿತ್ತು, ಟೊಳ್ಳು ಮೂಳೆ ಗಟ್ಟಿಯಾಗಿತ್ತು. ಕುಮಿಮಾನು ಅನ್ನುವ ಒಂದು ಜಾತಿ ಸುಮಾರು 150 ಕಿಲೋ ತೂಗುತ್ತಿತ್ತು ಅಂತ 2023ರಲ್ಲಿ ಲೆಕ್ಕ ಹಾಕಿದರು. ಒಂದೂವರೆ ಕ್ವಿಂಟಾಲ್ ರಾಗಿ!

ಹಾಗಾದರೆ ಈಗ ಅವಕ್ಕೆ ಬಂದಿರುವ ಕಷ್ಟ ಏನು? ನನಗೆ ಅರ್ಥವಾಗಿದ್ದು ಇಷ್ಟು. ಬಹುಪಾಲು ಪೆಂಗ್ವಿನ್‌ಗಳ ತಾಪತ್ರಯ ಗೂಡಿಗೂ ಊಟಕ್ಕೂ ನಡುವಿನ ದೂರ. ಇದು ನನಗೆ ಪುಸ್ತಕದಿಂದ ಹೊಳೆದಿದ್ದಲ್ಲ.

ನನ್ನ ತವರು ಕಗ್ಗಲಡು ಪಕ್ಕದ ಹಳ್ಳಿ. ಕಗ್ಗಲಡುವಿಗೆ ಪ್ರತಿ ವರ್ಷ ಬಣ್ಣದ ಕೊಕ್ಕರೆ ಬರುತ್ತವೆ. ಊರೊಳಗಿನ ಹುಣಸೆ ಮರಗಳ ಮೇಲೇ ಗೂಡು. ಹಿಕ್ಕೆ ಬಿದ್ದು ಹುಣಸೆಹಣ್ಣು ಹಾಳಾದರೂ ಊರಿನವರು ಓಡಿಸುವುದಿಲ್ಲ. ಚಿಕ್ಕವಳಿದ್ದಾಗ ಅಜ್ಜಿಯ ಜೊತೆ ಅಲ್ಲಿ ಒಂದು ಮದುವೆಗೆ ಹೋಗಿದ್ದೆ. ಮರದಿಂದ ಒಂದು ಮರಿ ದೊಪ್ಪಂತ ನನ್ನ ಮುಂದೆಯೇ ಬಿತ್ತು. ಮೈಮೇಲೆ ಬಿಳಿ ತುಪ್ಪಳ, ಮೈಗಿಂತ ದೊಡ್ಡ ಕೊಕ್ಕು. ಭಯಕ್ಕೆ ಬಾಯಿ ತೆರೆದು ಎರಡು ಮೀನು ಕಕ್ಕಿತು. ಬೆರಳುದ್ದದ ಮೀನು, ಇನ್ನೂ ಗುರುತು ಸಿಗುವ ಹಾಗಿದ್ದವು. ಸುತ್ತ ನೋಡಿದರೆ ಹೊಲವೆಲ್ಲ ಬಿರುಕು ಬಿಟ್ಟಿತ್ತು. ಈ ಮೀನು ಎಲ್ಲಿಂದ ಬಂತಜ್ಜಿ ಅಂದೆ.

"ಇಲ್ಲೆಲ್ಲೈತೆ ನೀರು? ಎಲ್ಲೋ ದೂರದ್ ಕೆರೆಯಿಂದ ತಂದಿರತ್ತೆ ಕಣೇ. ಕೆರೆ ದೂರ ಆದ್ರೆ ತಾಯಿ ಹೊತ್ತಿಗ್ ಬರಕ್ಕಾಗಲ್ಲ. ಇವು ಹಸ್ಕೊಂಡ್ ತಳ್ಳಾಡ್ತವೆ, ಬೀಳ್ತವೆ."

ಕೊಕ್ಕರೆಗಾದರೂ ರೆಕ್ಕೆ ಇದೆ. ಕಳ್ಳಂಬೆಳ್ಳ ಕೆರೆಗೆ ಹೇಮಾವತಿ ನೀರು ಬಂದಿಲ್ಲ ಅಂದರೆ ಇನ್ನೊಂದು ಕೆರೆಗೆ ಹಾರುತ್ತದೆ. (ಹೇಮಾವತಿ ವಿಷಯ ಕಾಮೆಂಟಿನಲ್ಲಿ ಶುರು ಮಾಡಬೇಡಿ, ದಯವಿಟ್ಟು.) ಪೆಂಗ್ವಿನ್ ಈಜಿಕೊಂಡೇ ಹೋಗಬೇಕು, ಈಜಿಕೊಂಡೇ ಬರಬೇಕು. ದಕ್ಷಿಣ ಆಫ್ರಿಕಾದ ಪೆಂಗ್ವಿನ್ ಮರಿ ಸಾಕುವಾಗ ಹೆಚ್ಚುಕಡಿಮೆ 20ರಿಂದ 40 ಕಿಲೋಮೀಟರ್ ಒಳಗೇ ಮೀನು ಹಿಡಿಯುತ್ತದೆ. ಅದಕ್ಕಿಂತ ದೂರ ಹೋದರೆ ಮರಿಗೆ ಉಳಿಯುವುದು ಕಡಿಮೆ.

ಈ ಆಫ್ರಿಕನ್ ಪೆಂಗ್ವಿನ್ ಕಥೆ ಸ್ವಲ್ಪ ವಿವರವಾಗಿ ಹೇಳಬೇಕು. ಅದು ತಿನ್ನುವುದು ಸಾರ್ಡೀನ್ ಮತ್ತು ಆಂಚೊವಿ. ಮಂಗಳೂರಿನವರ ಬೂತಾಯಿಗೆ ಸಂಬಂಧಿ ಈ ಸಾರ್ಡೀನ್. ನೆಲ್ಸನ್ ಮಂಡೇಲಾ ಜೈಲಿನಲ್ಲಿದ್ದ ರಾಬೆನ್ ದ್ವೀಪ ಗೊತ್ತಲ್ವಾ? ಅಲ್ಲೂ, ಪಕ್ಕದ ಡಾಸೆನ್ ದ್ವೀಪದಲ್ಲೂ ಇವುಗಳ ದೊಡ್ಡ ಊರುಗಳಿದ್ದವು. 2000ದ ಜೂನ್‌ನಲ್ಲಿ ಟ್ರೆಷರ್ ಅನ್ನುವ ಹಡಗು ಈ ಎರಡು ದ್ವೀಪಗಳ ನಡುವೆ ಮುಳುಗಿ ಎಣ್ಣೆ ಚೆಲ್ಲಿತು. ಸುಮಾರು 19,000 ಪೆಂಗ್ವಿನ್‌ಗಳ ಮೈಗೆ ಎಣ್ಣೆ ಮೆತ್ತಿಕೊಂಡಿತು. ಸಾವಿರಾರು ಜನ ಬಂದು ಒಂದೊಂದನ್ನೂ ಹಿಡಿದು ತೊಳೆದರು. ಎಣ್ಣೆ ತಾಗದ ಇನ್ನೂ 19,500 ಪೆಂಗ್ವಿನ್‌ಗಳನ್ನು ಲಾರಿಯಲ್ಲಿ ತುಂಬಿಸಿ ನೂರಾರು ಕಿಲೋಮೀಟರ್ ದೂರದ ಪೋರ್ಟ್ ಎಲಿಜಬೆತ್‌ನಲ್ಲಿ ಕಡಲಿಗೆ ಬಿಟ್ಟರು. ಅವು ಈಜಿಕೊಂಡು ಊರಿಗೆ ವಾಪಸ್ ಬರುವಷ್ಟರಲ್ಲಿ ಎಣ್ಣೆ ತೆಗೆದುಬಿಡುವುದು ಲೆಕ್ಕಾಚಾರ. ಹಾಗೇ ಆಯಿತು. ಎಣ್ಣೆ ಮೆತ್ತಿದವುಗಳಲ್ಲೂ ನೂರಕ್ಕೆ ತೊಂಬತ್ತು ಬದುಕಿದವು. ಓದುವಾಗ ನನಗೆ ಕಣ್ಣು ಒದ್ದೆ ಆಗಿದ್ದು ನಿಜ.

ಮುಂದೆ ಏನಾಯಿತು ಗೊತ್ತಾ? ಅದೇ ಎರಡು ದ್ವೀಪಗಳಲ್ಲಿ 2004ರಿಂದ 2011ರ ನಡುವೆ ಸುಮಾರು 62,000 ಪೆಂಗ್ವಿನ್ ಹಸಿವಿನಿಂದ ಸತ್ತವು ಅಂತ ಈಚೆಗೆ ಅಂದಾಜು ಮಾಡಿದ್ದಾರೆ. ಲಾರಿ ಇಲ್ಲ, ಫೋಟೋ ಇಲ್ಲ. ಎಣ್ಣೆ ಮೆತ್ತಿದ ಹಕ್ಕಿ ಕಣ್ಣಿಗೆ ಕಾಣುತ್ತದೆ. ಮೀನು ಸಿಗದ ಹಕ್ಕಿ ಕಡಲಿಗೆ ಹೋದದ್ದು ವಾಪಸ್ ಬರುವುದಿಲ್ಲ, ಅಷ್ಟೇ. ಅದನ್ನು ಯಾರು ಶೇರ್ ಮಾಡುತ್ತಾರೆ?

ಯಾಕೆ ಸತ್ತವು ಅಂತ ತಿಳಿಯಬೇಕಾದರೆ ಅವು ಗರಿ ಬದಲಿಸುವ ರೀತಿ ಗೊತ್ತಿರಬೇಕು. ಕೋಳಿ ಗರಿ ಉದುರಿಸುವುದು ನೋಡಿದ್ದೀರಿ, ಇಲ್ಲಿ ನಾಲ್ಕು, ಅಲ್ಲಿ ನಾಲ್ಕು. ಪೆಂಗ್ವಿನ್ ಪೂರ್ತಿ ಮೈಯ ಗರಿ ಒಂದೇ ಸಲ ಬದಲಿಸುತ್ತದೆ. ಸುಮಾರು ಮೂರು ವಾರ. ಅಷ್ಟು ದಿನ ಮೈಗೆ ನೀರು ತಡೆಯುವ ಶಕ್ತಿ ಇಲ್ಲ. ಕಡಲಿಗೆ ಇಳಿಯುವ ಹಾಗಿಲ್ಲ, ಊಟವೂ ಇಲ್ಲ. ಅದಕ್ಕೆ ಮುಂಚೆ ಚೆನ್ನಾಗಿ ತಿಂದು ಕೊಬ್ಬು ಕೂಡಿಸಿಟ್ಟುಕೊಳ್ಳಬೇಕು. ಆ ಹೊತ್ತಿಗೆ ಮೀನು ಕೈಕೊಟ್ಟರೆ ದಡದಲ್ಲೇ ಸಾಯುತ್ತದೆ, ಇಲ್ಲವೇ ಗರಿ ಬಂದ ಮೇಲೆ ಕಡಲಿಗೆ ಹೋಗುವಷ್ಟೂ ಕಸು ಇರುವುದಿಲ್ಲ.

ನೀರಿನ ಬಿಸಿ ಮತ್ತು ಉಪ್ಪಿನ ಅಂಶ ಬದಲಾಗಿ ಸಾರ್ಡೀನ್ ಹಿಂಡು ಪಶ್ಚಿಮ ಕರಾವಳಿ ಬಿಟ್ಟು ದಕ್ಷಿಣಕ್ಕೆ, ಪೂರ್ವಕ್ಕೆ ಜರುಗಿತು. ದೊಡ್ಡ ಬಲೆಯ ಬೋಟುಗಳು ಇದ್ದದ್ದನ್ನೂ ಬಾಚಿದವು. ಮರಿ ಪೆಂಗ್ವಿನ್‌ಗಳಿಗೆ ಇದು ಗೊತ್ತಾಗುವುದಿಲ್ಲ. ತಣ್ಣನೆ ನೀರು, ಪಾಚಿಯ ಸತ್ವ ಜಾಸ್ತಿ ಇರುವ ಜಾಗದಲ್ಲಿ ಮೀನು ಇರುತ್ತದೆ ಅನ್ನುವುದು ಅವುಗಳ ರಕ್ತದಲ್ಲೇ ಬಂದ ಗುರುತು. ಗುರುತು ಹಿಡಿದು ಹೋಗುತ್ತವೆ, ಮೀನೇ ಇರುವುದಿಲ್ಲ. ರಾತ್ರಿ ಹೈವೇಯಲ್ಲಿ ಢಾಬಾ ಬೋರ್ಡಿನ ಲೈಟ್ ನೋಡಿ ಗಾಡಿ ನಿಲ್ಲಿಸುತ್ತೀರಿ, ಒಳಗೆ ಒಲೆ ಆರಿಸಿ ಮಲಗಿರುತ್ತಾರಲ್ಲ, ಹಾಗೆ.

ಇದರ ಮೇಲೆ ಇನ್ನೊಂದು ಹಳೇ ಪೆಟ್ಟು. ಶತಮಾನಗಳಿಂದ ಗಟ್ಟಿಯಾಗಿ ಕೂತಿದ್ದ ಹಕ್ಕಿ ಹಿಕ್ಕೆಯ ಪದರದಲ್ಲಿ ಇವು ಬಿಲ ತೋಡಿ ಮೊಟ್ಟೆ ಇಡುತ್ತಿದ್ದವು. 19ನೇ ಶತಮಾನದಲ್ಲಿ ಅದನ್ನೆಲ್ಲ ಗೊಬ್ಬರಕ್ಕೆ ಅಂತ ಕೆರೆದು ಹಡಗಿಗೆ ತುಂಬಿದರು. ಮನೆಯೇ ಹೋಯಿತು. ಈಗ ಬಯಲಲ್ಲಿ, ಬಿಸಿಲಲ್ಲಿ ಮೊಟ್ಟೆ ಕಾಯಬೇಕು. ಜನ ಗೂಡಿನ ಪೆಟ್ಟಿಗೆ ಮಾಡಿ ಇಡುತ್ತಿದ್ದಾರೆ. 2024ರಲ್ಲಿ ಈ ಜಾತಿಯನ್ನು ಅಳಿವಿನ ಅಂಚಿನ ಕೊನೇ ಮೆಟ್ಟಿಲಿಗೆ ಸೇರಿಸಿದರು. ಈಗ ಉಳಿದಿರುವುದು 10,000 ಜೋಡಿಗಿಂತ ಕಡಿಮೆ.

ಒಂದೇ ಒಂದು ಒಳ್ಳೇ ಸುದ್ದಿ. 2025ರ ಮಾರ್ಚ್‌ನಲ್ಲಿ ಅಲ್ಲಿನ ಕೋರ್ಟ್, ಆರು ಮುಖ್ಯ ನೆಲೆಗಳ ಸುತ್ತ ಹತ್ತು ವರ್ಷ ಆ ದೊಡ್ಡ ಬಲೆಯ ಮೀನುಗಾರಿಕೆಗೆ ಗಡಿ ಹಾಕಿತು. ಹಕ್ಕಿ ಕಾಯುವ ಸಂಸ್ಥೆಗಳೂ ಮೀನು ಉದ್ಯಮದವರೂ ಕೂತು ಮಾತಾಡಿ ಒಪ್ಪಿದ ಗಡಿ ಅದು. ತಡವಾಯಿತು ಅನ್ನುವುದು ನನ್ನ ಅಭಿಪ್ರಾಯ. ಆದರೂ ಬಲೆಯ ದೂರ ನಮ್ಮ ಕೈಯಲ್ಲಿದೆ. ನೀರಿನ ಬಿಸಿ ಒಂದು ಕೋರ್ಟಿನ ಕೈಯಲ್ಲಿಲ್ಲ.

"ದಕ್ಷಿಣ ಆಫ್ರಿಕಾದ ಹಕ್ಕಿಗೂ ಶಿರಾಗೂ ಏನು ಸಂಬಂಧ?" ಅಂತ ನಮ್ಮಣ್ಣ ಫೋನಲ್ಲಿ ನಕ್ಕ. ಅವನು ಕಡ್ಲೆಕಾಯಿ ಬೆಳೆಯುವವನು. ಮಗಳ ಗಲಾಪಗೋಸ್ ಪೆಂಗ್ವಿನ್ನಿಗೆ ವಾಪಸ್ ಬರೋಣ. ಪೆಸಿಫಿಕ್ ಸಾಗರದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುವ ಗಾಳಿ ಸೋತರೆ ಬಿಸಿ ನೀರು ದಕ್ಷಿಣ ಅಮೆರಿಕದ ಕಡೆ ಹರಡಿಕೊಳ್ಳುತ್ತದೆ. ತಳದಿಂದ ಮೇಲೆ ಬರುತ್ತಿದ್ದ ತಣ್ಣೀರು ಕಡಿಮೆಯಾಗುತ್ತದೆ. ಮೀನಿಗೆ ಮೇವು ತರುವುದೇ ಆ ತಣ್ಣೀರು. ಅದೇ ಎಲ್ ನಿನೋ. 1982–83ರ ಎಲ್ ನಿನೋದಲ್ಲಿ ಗಲಾಪಗೋಸ್ ಪೆಂಗ್ವಿನ್‌ಗಳಲ್ಲಿ ನೂರಕ್ಕೆ 77 ಹೋದವು. ಎಲ್ ನಿನೋ ಬಂದಾಗೆಲ್ಲ ನಮ್ಮ ಮುಂಗಾರು ಕೆಡಲೇಬೇಕು ಅಂತೇನಿಲ್ಲ. 1997ರಲ್ಲಿ ಜೋರಾಗಿ ಬಂದಿದ್ದರೂ ದೇಶದಲ್ಲಿ ಮಳೆ ಸರಿಯಾಗೇ ಆಯಿತು. ಆದರೆ 2023 ನೆನಪಿದೆಯಲ್ಲ? ಅದೂ ಎಲ್ ನಿನೋ ವರ್ಷವೇ. ರಾಜ್ಯದ 236 ತಾಲ್ಲೂಕುಗಳಲ್ಲಿ 223ರಲ್ಲಿ ಬರ ಅಂತ ಸರ್ಕಾರವೇ ಹೇಳಿತು. ಅಣ್ಣ ಆ ವರ್ಷ ಬಿತ್ತನೆ ಬೀಜದ ದುಡ್ಡೂ ಕಾಣಲಿಲ್ಲ. ಇದನ್ನು ಹೇಳಿದ ಮೇಲೆ ಅವನು ನಗಲಿಲ್ಲ. "ಹಂಗಾದ್ರೆ ಅವಕ್ಕೂ ನಮ್ಗೂ ಒಂದೇ ಗ್ರಹಚಾರ ಅನ್ನು" ಅಂದ.

ಹಿಮದ ಮಾತೇ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಎಂಪರರ್ ಪೆಂಗ್ವಿನ್ನಿಗೆ ಹಿಮವೇ ಅಂಗಳ. ಕಡಲ ಮೇಲೆ ಹೆಪ್ಪುಗಟ್ಟಿದ ಆ ಹಾಸು ಮರಿಗಳಿಗೆ ನೀರು ತಡೆಯುವ ಗರಿ ಬರುವವರೆಗೆ ನಿಲ್ಲಬೇಕು. 2022ರಲ್ಲಿ ಅಂಟಾರ್ಕ್ಟಿಕಾದ ಪಕ್ಕದ ಬೆಲ್ಲಿಂಗ್ಸ್‌ಹೌಸೆನ್ ಸಮುದ್ರದಲ್ಲಿ ಅದು ಮೊದಲೇ ಒಡೆಯಿತು. ಅಲ್ಲಿನ ಐದು ನೆಲೆಗಳಲ್ಲಿ ನಾಲ್ಕರಲ್ಲಿ ಒಂದು ಮರಿಯೂ ಉಳಿದಿಲ್ಲ ಅಂತ ಉಪಗ್ರಹದ ಚಿತ್ರ ನೋಡಿ ವಿಜ್ಞಾನಿಗಳು ಹೇಳಿದರು. ತುಪ್ಪಳದ ಮರಿ ಹಿಮದ ನೀರಿಗೆ ಬಿದ್ದರೆ ಏನಾಗುತ್ತದೆ ಅಂತ ಬರೆಯಲು ನನಗೆ ಮನಸ್ಸಿಲ್ಲ.

ಆದರೆ ಅರ್ಜೆಂಟೀನಾದ ಪುಂಟಾ ಟೊಂಬೊದಲ್ಲಿ ಹಿಮವೇ ಇಲ್ಲ. 2019ರ ಜನವರಿ 19ರಂದು ಅಲ್ಲಿ ನೆರಳಿನಲ್ಲೇ 44 ಡಿಗ್ರಿ. ಶಿರಾದ ಏಪ್ರಿಲ್ ಕೂಡ ಅಷ್ಟು ಸುಡುವುದಿಲ್ಲ. 354 ಪೆಂಗ್ವಿನ್ ಸತ್ತು ಬಿದ್ದಿದ್ದವು. ಎಷ್ಟೋ ದೊಡ್ಡ ಹಕ್ಕಿಗಳು ನೀರು ಹುಡುಕಿಕೊಂಡು ಕಡಲಿಗೆ ಹೋಗುವ ದಾರಿಯಲ್ಲೇ ಬಿದ್ದಿದ್ದವು.

ಹಾಗಾಗಿ ಇನ್ನು ಮೇಲೆ ನನ್ನ ವಾಟ್ಸಾಪಿಗೆ "ಪೆಂಗ್ವಿನ್ ಜೀವನಪೂರ್ತಿ ಒಬ್ಬಳೇ ಹೆಂಡತಿ" ಫೋಟೋ ಕಳಿಸಬೇಡಿ. ಎಂಪರರ್ ಪೆಂಗ್ವಿನ್‌ಗಳು ಬಹುತೇಕ ವರ್ಷ ವರ್ಷವೂ ಜೋಡಿ ಬದಲಿಸುತ್ತವೆ. ಅಡೆಲಿಗಳು ಪಕ್ಕದ ಮನೆಯ ಕಲ್ಲು ಕದ್ದು ಗೂಡು ಕಟ್ಟುತ್ತವೆ. ಅವು ನಮಗೆ ಪಾಠ ಹೇಳೋಕೆ ಹುಟ್ಟಿದ ಹಕ್ಕಿಗಳೇನಲ್ಲ.

ಮೊನ್ನೆ ಸಂಜೆ ಒಬ್ಬ ಹುಡುಗ ಅಂಗಡಿಗೆ ಬಂದ.

"ಆಂಟಿ, ಪೆಂಗ್ವಿನ್‌ಗೆ ಎರಡು ಥರ್ಮಾಕೋಲ್ ಕೊಡಿ."

"ಯಾವ ಪೆಂಗ್ವಿನ್ ಪುಟ್ಟಾ?"

"ಪೆಂಗ್ವಿನ್ನೇ ಆಂಟಿ!"

ಮಗಳು ಸ್ಟೂಲ್ ಮೇಲಿಂದ ಎದ್ದಳು. ಪಕ್ಕದ ಹಾರ್ಡ್‌ವೇರ್ ಅಂಗಡಿಯಿಂದ ಉಪ್ಪುಕಾಗದ ತಂದು, ಇದು ಮರಳಿನ ದಡ ಆಗುತ್ತದೆ ಅಂತ ತೋರಿಸಿ, ಹತ್ತು ನಿಮಿಷ ರಾಬೆನ್ ದ್ವೀಪದ ಕಥೆ ಹೇಳಿದಳು. ಹುಡುಗ ಬಾಯಿ ಬಿಟ್ಟುಕೊಂಡು ಕೇಳಿದ. ಎರಡು ಉಪ್ಪುಕಾಗದ, ಒಂದು ನೀಲಿ ಚಾರ್ಟ್ ಶೀಟ್ ತಗೊಂಡ. ಥರ್ಮಾಕೋಲ್ ಬೇಡ ಅಂದ. ಮೆಟ್ಟಿಲು ಇಳಿದವನು ವಾಪಸ್ ಬಂದ.

"ಆಂಟಿ, ಮಿಸ್ಸು ಮಾರ್ಕ್ಸ್ ಕಟ್ ಮಾಡಿದ್ರೆ ಇದನ್ನ ವಾಪಸ್ ತಗೋತೀರಾ?"