ಎಐ ಸಂಶೋಧನೆಗೆ ಪ್ರಶ್ನೆ ಕೊಡುವವರು ಯಾರು?

ವಿಶ್ವವಿದ್ಯಾಲಯಗಳಲ್ಲಿ ನಡೆಯುವ ಕೃತಕ ಬುದ್ಧಿಮತ್ತೆಯ ಸಂಶೋಧನೆ ಸಮಾಜದ ಮತ್ತು ಆಯಾ ಪ್ರದೇಶದ ಅಗತ್ಯಗಳಿಗೆ ತಕ್ಕಂತೆ ರೂಪುಗೊಳ್ಳಬೇಕೇ? ಬೇಕು ಎನ್ನುವವರೊಬ್ಬರು, ಬೇಡ ಎನ್ನುವವರೊಬ್ಬರು ಇಲ್ಲಿ ಬರೆದಿದ್ದಾರೆ. ಎರಡನೆಯವರು ಮೊದಲ ಬರಹವನ್ನು ಓದಿಕೊಂಡೇ ಉತ್ತರಿಸಿದ್ದಾರೆ.

ಪರ: ಎಲೆ ಇರುವುದು ಗಿಡದಲ್ಲಿ

2016ರಲ್ಲಿ ಪ್ರಕಟವಾದ ಒಂದು ಪ್ರಬಂಧವನ್ನು ನಾನು ವಿದ್ಯಾರ್ಥಿಗಳಿಗೆ ಮತ್ತೆ ಮತ್ತೆ ಓದಿಸುತ್ತೇನೆ. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯ ಮತ್ತು ಸ್ವಿಟ್ಜರ್ಲೆಂಡಿನ ಇಪಿಎಫ್ಎಲ್ ಸಂಸ್ಥೆಯ ಸಂಶೋಧಕರು ಎಲೆಗಳ 54,306 ಚಿತ್ರಗಳನ್ನು ಕಂಪ್ಯೂಟರಿಗೆ ಕೊಟ್ಟು, 14 ಬೆಳೆಗಳ 26 ರೋಗಗಳನ್ನು ಗುರುತಿಸಲು ಕಲಿಸಿದರು. ಪರೀಕ್ಷೆಯಲ್ಲಿ ಅದು ಶೇ 99.35ರಷ್ಟು ಸರಿಯುತ್ತರ ಕೊಟ್ಟಿತು. ಅಲ್ಲಿಗೇ ಪೆನ್ನು ಕೆಳಗಿಟ್ಟಿದ್ದರೂ ಯಾರೂ ಕೇಳುತ್ತಿರಲಿಲ್ಲ. ಅವರು ಇಡಲಿಲ್ಲ. ಬೇರೆ ಕಡೆ, ಬೇರೆ ಸನ್ನಿವೇಶಗಳಲ್ಲಿ ತೆಗೆದ ಚಿತ್ರಗಳನ್ನೂ ಅದೇ ಯಂತ್ರದ ಮುಂದಿಟ್ಟರು. ಅಂಕ ಶೇ 31ರ ಆಸುಪಾಸಿಗೆ ಕುಸಿಯಿತು. ಆ ಅಂಕಿಯನ್ನೂ ಬರೆದರು.

ಕಾರಣ ಹುಡುಕಲು ಬಹಳ ದೂರ ಹೋಗಬೇಕಿಲ್ಲ. ಕಲಿಕೆಗೆ ಬಳಸಿದ ಚಿತ್ರಗಳಲ್ಲಿ ಇದ್ದದ್ದು ಕಿತ್ತು ತಂದ ಒಂದೊಂದೇ ಎಲೆ, ಹಿಂದೆ ಒಂದೇ ಬಣ್ಣದ ಹಾಳೆ. ಹೊಲದಲ್ಲಿ ಎಲೆ ಹಾಗೆ ಮಲಗಿರುವುದಿಲ್ಲ. ಅರ್ಧ ಬಿಸಿಲಲ್ಲಿ, ಅರ್ಧ ನೆರಳಲ್ಲಿ ಇರುತ್ತದೆ. ಮಳೆಗೆ ಸಿಡಿದ ಮಣ್ಣು ಅಂಟಿರುತ್ತದೆ, ಪಕ್ಕದ ಎಲೆ ಮೇಲೆ ಬಿದ್ದಿರುತ್ತದೆ, ಹುಳು ತಿಂದ ತೂತಿರುತ್ತದೆ. ಪುಸ್ತಕದ ಬದನೆಕಾಯಿ ಎಂಬ ಮಾತು ಇದಕ್ಕಿಂತ ಚೆನ್ನಾಗಿ ಇನ್ನೆಲ್ಲಿ ಒಪ್ಪೀತು?

ಅದೇ ಪೆನ್ ಸ್ಟೇಟ್ ಬಳಗ ಮುಂದೆ ಟಾಂಜಾನಿಯಾದ ಹೊಲಗಳಲ್ಲೇ ತೆಗೆದ ಮರಗೆಣಸಿನ ಎಲೆಗಳ ಚಿತ್ರಗಳತ್ತ ತಿರುಗಿತು. ಇಂಟರ್ನೆಟ್ ಇಲ್ಲದೆಯೂ ಫೋನಿನಲ್ಲಿ ಓಡುವ ‘ನೂರು’ ಎಂಬ ಆ್ಯಪ್ ಹುಟ್ಟಿದ್ದು ಆ ಹಾದಿಯಲ್ಲಿ. (ಸ್ವಾಹಿಲಿಯಲ್ಲಿ ಆ ಪದಕ್ಕೆ ಬೆಳಕು ಎಂದರ್ಥ. ನಮ್ಮ ನೂರಲ್ಲ, ನೂರಕ್ಕೆ ನೂರು ಎಂಬ ಭರವಸೆಯೂ ಅಲ್ಲ.) ಇಂಟರ್ನೆಟ್ ಇಲ್ಲದೆ ಓಡಬೇಕು ಎಂಬ ಷರತ್ತೇ ಒಂದು ಸಂಶೋಧನಾ ಪ್ರಶ್ನೆ. ದೊಡ್ಡ ಮಾದರಿಯನ್ನು, ಅಂದರೆ ಉದಾಹರಣೆಗಳಿಂದ ಕಲಿತ ಪ್ರೋಗ್ರಾಮನ್ನು, ಹೇಗೆ ಕುಗ್ಗಿಸಬೇಕು, ಎಷ್ಟು ಕುಗ್ಗಿಸಿದರೆ ತಪ್ಪು ಹೆಚ್ಚುತ್ತದೆ, ಗೊತ್ತಿಲ್ಲದಾಗ ಗೊತ್ತಿಲ್ಲ ಎನ್ನುವುದನ್ನು ಅದಕ್ಕೆ ಹೇಗೆ ಕಲಿಸಬೇಕು? ಇವೆಲ್ಲ ಗಣಿತ ಕೇಳುವ ಪ್ರಶ್ನೆಗಳು. ಪ್ರದೇಶದ ಅಗತ್ಯವೆಂದರೆ ಎರಡನೇ ದರ್ಜೆಯ ವಿಜ್ಞಾನ ಎಂದು ಮೂಗು ಮುರಿಯುವವರು ಇದನ್ನು ಗಮನಿಸಬೇಕು.

ಥಾಯ್ಲೆಂಡಿನ ಕಥೆಯೂ ಇಂಥದ್ದೇ. ಮಧುಮೇಹಿಗಳ ಅಕ್ಷಿಪಟಲದ ಚಿತ್ರ ನೋಡಿ ರೋಗ ಹೇಳುವ ಗೂಗಲ್‌ನ ವ್ಯವಸ್ಥೆಯನ್ನು ಅಲ್ಲಿನ 11 ಕ್ಲಿನಿಕ್‌ಗಳಲ್ಲಿ ಬಳಸಿ ನೋಡಿದ ಅನುಭವ 2020ರಲ್ಲಿ ಪ್ರಕಟವಾಯಿತು. ಪ್ರಯೋಗಾಲಯದಲ್ಲಿ ಅದು ತಜ್ಞರಿಗೆ ಸರಿಸಾಟಿ. ಕ್ಲಿನಿಕ್ಕಿನಲ್ಲಿ, ದಾದಿಯರು ತೆಗೆದ ಚಿತ್ರಗಳಲ್ಲಿ ಐದರಲ್ಲೊಂದಕ್ಕಿಂತ ಹೆಚ್ಚನ್ನು ಗುಣಮಟ್ಟ ಸಾಲದು ಎಂದು ಅದು ತಿರಸ್ಕರಿಸಿತು. ಕತ್ತಲು ಮಾಡಿಕೊಳ್ಳಲು ಹೆಚ್ಚಿನ ಕಡೆ ಬೇರೆ ಕೋಣೆ ಇರಲಿಲ್ಲ, ಇಂಟರ್ನೆಟ್ ತೆವಳುತ್ತಿತ್ತು. ಕಣ್ಣಿನ ವಿಜ್ಞಾನ ಅಲ್ಲಿ ಸೋಲಲಿಲ್ಲ. ಕೋಣೆಗೆ ಕಿಟಕಿ ಇರುತ್ತದೆ ಎಂಬುದು ಮಾದರಿ ಕಟ್ಟುವಾಗ ಯಾರಿಗೂ ಹೊಳೆದಿರಲಿಲ್ಲ, ಅಷ್ಟೇ.

ಇನ್ನೊಂದು ಉದಾಹರಣೆಗೆ ಈ ಪುಟವೇ ಸಾಕು. ‘ನೀರು’ ಎಂದು ಬರೆದರೆ ಕಣ್ಣಿಗೆ ಕಾಣುವುದು ಎರಡು ಅಕ್ಷರ. ಕಂಪ್ಯೂಟರಿನೊಳಗೆ ಅದು ನಾಲ್ಕು ಸಂಕೇತ, ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಕೂಡಿಡುವ ಯುಟಿಎಫ್-8 ಪದ್ಧತಿಯಲ್ಲಿ ಹನ್ನೆರಡು ಬೈಟ್. ಇಂಗ್ಲಿಷಿನ ‘ವಾಟರ್’ ಐದೇ ಬೈಟಿನಲ್ಲಿ ಮುಗಿಯುತ್ತದೆ. ಇಂಗ್ಲಿಷನ್ನು ನೋಡಿಕೊಂಡು ಪದಗಳನ್ನು ತುಂಡರಿಸಲು ಕಲಿತ ಭಾಷಾ ಮಾದರಿಗೆ ನಮ್ಮ ವಾಕ್ಯ ಸಿಕ್ಕರೆ ಅದು ಚೂರುಚೂರಾಗುತ್ತದೆ. ಚೂರು ಹೆಚ್ಚಾದಷ್ಟೂ ಸಮಯ ಹೆಚ್ಚು, ಖರ್ಚು ಹೆಚ್ಚು, ತಪ್ಪಿಗೆ ಅವಕಾಶವೂ ಹೆಚ್ಚು. ಪ್ರತ್ಯಯಗಳು ಒಂದರ ಬಾಲಕ್ಕೆ ಒಂದು ಅಂಟಿಕೊಳ್ಳುವ ಭಾಷೆಯನ್ನು ಎಲ್ಲಿ ತುಂಡರಿಸಬೇಕು ಎಂಬುದು, ಆ ಭಾಷೆಯನ್ನು ಆಡದವರ ನಿದ್ದೆಗೆಡಿಸುವ ಪ್ರಶ್ನೆಯಲ್ಲ. ನ್ಯೂಜಿಲೆಂಡಿನ ಮಾವೊರಿ ಜನರ ರೇಡಿಯೊ ಸಂಸ್ಥೆ ತೆ ಹಿಕು ಮೀಡಿಯಾ 2018ರಲ್ಲಿ ಹತ್ತು ದಿನಗಳಲ್ಲಿ 300 ಗಂಟೆಗೂ ಹೆಚ್ಚು ಮಾತನ್ನು ಜನರಿಂದ ಓದಿಸಿ ಸಂಗ್ರಹಿಸಿತು, ತಮ್ಮ ನುಡಿಯನ್ನು ಕಂಪ್ಯೂಟರಿಗೆ ಕೇಳಿಸಲು. ಅವರ ಬದಲಿಗೆ ಬೇರೆ ಯಾರು ಮಾಡುತ್ತಿದ್ದರು?

ಹಾಗಾದರೆ ದೊಡ್ಡ ಪ್ರಶ್ನೆಗಳು ಯಾರ ಪಾಲು? ಲೆಕ್ಕ ನೋಡಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಎಐ ಸೂಚ್ಯಂಕ ವರದಿಯ ಪ್ರಕಾರ 2023ರಲ್ಲಿ ಗಮನಾರ್ಹ ಎನಿಸಿದ ಮಾದರಿಗಳಲ್ಲಿ 51 ಉದ್ಯಮದಿಂದ ಬಂದವು, 15 ವಿಶ್ವವಿದ್ಯಾಲಯಗಳಿಂದ. ಸಾವಿರಾರು ಚಿಪ್‌ಗಳನ್ನು ಸಾಲಾಗಿ ನಿಲ್ಲಿಸಬಲ್ಲ ಕಂಪನಿಯ ಹಿಂದೆ ನಾಲ್ಕು ಚಿಪ್ ಇಟ್ಟುಕೊಂಡು ಓಡುವುದು ಹುಲಿಯನ್ನು ನೋಡಿ ನರಿ ಮೈ ಸುಟ್ಟುಕೊಂಡ ಹಾಗೆ. ಕಂಪನಿ ಹೋಗದ ಕಡೆ ವಿಶ್ವವಿದ್ಯಾಲಯ ಹೋಗಬಹುದು. 2018ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿದ್ದ ಜಾಯ್ ಬುಲಮ್ವಿನಿ ಅವರು ಟಿಮ್ನಿಟ್ ಗೆಬ್ರು ಅವರೊಂದಿಗೆ, ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ಮಾರುಕಟ್ಟೆಯ ವ್ಯವಸ್ಥೆಗಳನ್ನು ಪರೀಕ್ಷಿಸಿದರು. ತಿಳಿಬಣ್ಣದ ಗಂಡಸರ ವಿಷಯದಲ್ಲಿ ತಪ್ಪು ಹೆಚ್ಚೆಂದರೆ ಶೇ 0.8. ಕಪ್ಪುಬಣ್ಣದ ಹೆಂಗಸರಲ್ಲಿ ಅದು ಶೇ 34.7ರವರೆಗೆ ಹೋಗಿತ್ತು. ಅದಕ್ಕೆ ಬೇಕಾದದ್ದು ಚಿಪ್‌ಗಳ ಗೋದಾಮಲ್ಲ. ಇದು ಯಾರನ್ನು ತಪ್ಪಾಗಿ ನೋಡುತ್ತಿದೆ ಎಂದು ಕೇಳುವ ಮನಸ್ಸು.

ಇದು ಹೊಸ ಮಾತೂ ಅಲ್ಲ. ಅಮೆರಿಕ 1862ರಲ್ಲೇ ಕಾನೂನು ಮಾಡಿ, ಕೃಷಿ ಮತ್ತು ಯಂತ್ರವಿದ್ಯೆ ಕಲಿಸುವ ಕಾಲೇಜುಗಳಿಗಾಗಿ ರಾಜ್ಯಗಳಿಗೆ ಭೂಮಿ ಕೊಟ್ಟಿತು. ಆ ಸಾಲಿನ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಸ್ಟೀಫನ್ ಬ್ಯಾಬ್ಕಾಕ್ ಎಂಬ ರಸಾಯನಶಾಸ್ತ್ರಜ್ಞರಿದ್ದರು. ಅಲ್ಲಿ ಹಾಲಿಗೆ ತೂಕದ ಮೇಲೆ ದುಡ್ಡು. ಹಾಗಾಗಿ ನೀರು ಬೆರೆಸಿದವನಿಗೂ ಗಟ್ಟಿ ಹಾಲು ತಂದವನಿಗೂ ಒಂದೇ ಬೆಲೆ. 1890ರಲ್ಲಿ ಅವರು ಒಂದು ಉದ್ದ ಕುತ್ತಿಗೆಯ ಸೀಸೆ ತಂದರು. ಹಾಲಿಗೆ ಗಂಧಕಾಮ್ಲ ಸುರಿದರೆ ಕೊಬ್ಬು ಬಿಟ್ಟು ಉಳಿದದ್ದು ಕರಗುತ್ತದೆ. ಸೀಸೆಯನ್ನು ಗಿರಗಿರನೆ ತಿರುಗಿಸಿದರೆ ಕೊಬ್ಬು ಕುತ್ತಿಗೆಗೆ ಏರುತ್ತದೆ. ಅಲ್ಲಿರುವ ಗೆರೆ ನೋಡಿದರಾಯಿತು. ಪೇಟೆಂಟ್ ಪಡೆಯಲಿಲ್ಲ. ಒಂದು ರಾಜ್ಯದ ಹೈನುಗಾರರ ಜಗಳಕ್ಕೆಂದು ಮಾಡಿದ್ದು ಎಷ್ಟೋ ದೇಶಗಳಿಗೆ ಹೋಯಿತು.

ನಾನು ಕೇಳುವುದು ಇಷ್ಟೇ. ಪಿಎಚ್‌.ಡಿ. ವಿಷಯ ಆರಿಸುವ ಮೊದಲು ವಿದ್ಯಾರ್ಥಿ ಆರು ತಿಂಗಳು ಕ್ಲಿನಿಕ್ಕಿನಲ್ಲೋ ಹೊಲದಲ್ಲೋ ನ್ಯಾಯಾಲಯದಲ್ಲೋ ಕೂತು ಬರಲಿ. ಶೇ 99 ಬರೆದವನಿಗೆ ಸಿಗುವ ಬಡ್ತಿ ಶೇ 31 ಬರೆದವನಿಗೂ ಸಿಗಲಿ.

ವಿರೋಧ: ಪಟ್ಟಿಯಲ್ಲಿ ಇಲ್ಲದ ನಾಯಿಗಳು

ನಾನು ನಾಯಿಗಳಿಂದ ಶುರು ಮಾಡುತ್ತೇನೆ.

ಇಮೇಜ್‌ನೆಟ್ ಎಂಬ ಸ್ಪರ್ಧೆಯಲ್ಲಿ ಕಂಪ್ಯೂಟರು ಚಿತ್ರ ನೋಡಿ ಅದರಲ್ಲಿ ಏನಿದೆ ಎಂದು ಸಾವಿರ ಹೆಸರುಗಳಲ್ಲಿ ಆರಿಸಿ ಹೇಳಬೇಕಿತ್ತು. ಆ ಸಾವಿರದಲ್ಲಿ ನೂರಕ್ಕೂ ಹೆಚ್ಚು ನಾಯಿ ತಳಿಗಳು. 2012ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಜೆಫ್ರಿ ಹಿಂಟನ್ ಮತ್ತು ಅವರ ಇಬ್ಬರು ವಿದ್ಯಾರ್ಥಿಗಳು, ಮೆದುಳಿನ ನರಕೋಶಗಳ ಹೆಣಿಗೆಯನ್ನು ಅನುಕರಿಸುವ ನರಜಾಲ ಎಂಬ ವಿಧಾನದಿಂದ, ಶೇ 15.3ರ ತಪ್ಪಿನೊಂದಿಗೆ ಗೆದ್ದರು. ಎರಡನೆಯವರ ತಪ್ಪು ಶೇ 26.2. ಆ ವರ್ಷ ಜಗತ್ತಿನ ಯಾವ ಪ್ರದೇಶದ ಅಗತ್ಯಗಳ ಪಟ್ಟಿ ತೆಗೆದರೂ, ಒಂದು ಬೇಟೆನಾಯಿಯನ್ನು ಇನ್ನೊಂದು ಬೇಟೆನಾಯಿಯಿಂದ ಬೇರ್ಪಡಿಸುವ ಯಂತ್ರ ಬೇಕು ಎಂದು ಯಾರೂ ಬರೆದಿರಲಾರರು.

ಈಗ ಮೇಲಿನ ಬರಹದ ಎಲೆಗಳಿಗೆ ಬನ್ನಿ. ಶೇ 99.35 ಪಡೆದ ಆ ಮಾದರಿಯನ್ನು ಸೊನ್ನೆಯಿಂದ ಕಟ್ಟಿರಲಿಲ್ಲ. ಇಮೇಜ್‌ನೆಟ್ ಚಿತ್ರಗಳ ಮೇಲೆ, ಅಂದರೆ ಆ ನಾಯಿಗಳ ಮೇಲೆ, ಮೊದಲೇ ಪಳಗಿದ ನರಜಾಲವನ್ನು ಎಲೆಗಳತ್ತ ತಿರುಗಿಸಿದ್ದು. ಕಣ್ಣಿನ ಚಿತ್ರ ಓದುವ ಗೂಗಲ್ ವ್ಯವಸ್ಥೆಯ ಬಗ್ಗೆ 2016ರಲ್ಲಿ ಬಂದ ಪ್ರಬಂಧ ತೆಗೆದು ನೋಡಿ, ಅಲ್ಲೂ ಹಾಗೆಯೇ. ನನ್ನ ಮಿತ್ರರು ಅಗತ್ಯದ ಫಲ ಎಂದು ತೋರಿಸುವ ಎರಡೂ ಕೊಂಬೆಗಳ ಬೇರು ಅಗತ್ಯವಿಲ್ಲದ ಮಣ್ಣಿನಲ್ಲಿದೆ.

ಆ ಬೇರಿಗೆ ಎಷ್ಟು ವರ್ಷ ನೀರು ಹಾಕಬೇಕಾಯಿತು ಎಂಬುದನ್ನೂ ಹೇಳಬೇಕು. ಹಿಂಟನ್ 1987ರಲ್ಲಿ ಟೊರಾಂಟೊಗೆ ಬಂದರು. ನರಜಾಲದ ಹುಚ್ಚು ಬಿಡಿ, ಅದರಿಂದ ಏನೂ ಆಗುವುದಿಲ್ಲ ಎಂದು ಕ್ಷೇತ್ರದವರೇ ಹೇಳುತ್ತಿದ್ದ ದಿನಗಳು ಬಂದವು. ಆಗಲೂ, 2004ರಲ್ಲಿ, ಸಿಫಾರ್ ಎಂಬ ಕೆನಡಾದ ಸಂಸ್ಥೆ ಅವರ ನೇತೃತ್ವದ ಸಣ್ಣ ಗುಂಪಿಗೆ ಹಣ ಕೊಟ್ಟಿತು. ಈ ಸಂಶೋಧನೆಯಿಂದ ಪ್ರದೇಶಕ್ಕೆ ಏನು ಪ್ರಯೋಜನ ಎಂಬ ಅಂಕಣ ಅರ್ಜಿಯಲ್ಲಿದ್ದರೆ ಅವರು ಏನು ತುಂಬುತ್ತಿದ್ದರೋ! 2024ರಲ್ಲಿ ಅವರಿಗೆ ಭೌತವಿಜ್ಞಾನದ ನೊಬೆಲ್ ಬಂದಾಗ ಎಲ್ಲರಿಗೂ ಪ್ರಯೋಜನ ಕಂಡಿತು, ಸರಿಯೇ. ಬಾಯಾರಿದಾಗ ಬಾವಿ ತೋಡಬೇಡ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಬಾಯಾರಿಕೆ ಇಲ್ಲದವನು ತೋಡುತ್ತಿದ್ದರೆ ಮಾತ್ರ ಅವನ ಕೈಯಿಂದ ಗುದ್ದಲಿ ಕಿತ್ತುಕೊಳ್ಳುತ್ತೇವೆ.

ಅಗತ್ಯದ ದೊಡ್ಡ ದೋಷವೆಂದರೆ ಅದಕ್ಕೆ ತಾಳ್ಮೆಯಿಲ್ಲ. ಶೀತಲ ಸಮರದ ಅಮೆರಿಕಕ್ಕೆ ರಷ್ಯನ್ ಭಾಷೆಯ ಬರಹಗಳನ್ನು ಬೇಗ ಬೇಗ ಓದಬೇಕಿತ್ತು. ಇದಕ್ಕಿಂತ ಸ್ಪಷ್ಟವಾದ ಅಗತ್ಯ ಇನ್ನೊಂದು ಸಿಗದು. 1954ರಲ್ಲಿ ಜಾರ್ಜ್‌ಟೌನ್ ವಿಶ್ವವಿದ್ಯಾಲಯ ಮತ್ತು ಐಬಿಎಂ ಸೇರಿ, ಆಯ್ದ 60ಕ್ಕೂ ಹೆಚ್ಚು ರಷ್ಯನ್ ವಾಕ್ಯಗಳನ್ನು ಯಂತ್ರದಿಂದ ಇಂಗ್ಲಿಷಿಗೆ ಅನುವಾದಿಸಿ ತೋರಿಸಿದವು. ಮೂರರಿಂದ ಐದು ವರ್ಷದಲ್ಲಿ ಕೆಲಸ ಮುಗಿಯುತ್ತದೆ ಎಂಬ ಮಾತು ಹುಟ್ಟಿತು. ಮುಗಿಯಲಿಲ್ಲ. 1966ರಲ್ಲಿ, ಈ ಕೆಲಸವನ್ನು ಪರಿಶೀಲಿಸಲು ಅಮೆರಿಕ ಸರ್ಕಾರದ ಕಡೆಯಿಂದ ನೇಮಕವಾಗಿದ್ದ ಆಲ್‌ಪ್ಯಾಕ್ ಸಮಿತಿ, ಯಂತ್ರಾನುವಾದ ಮನುಷ್ಯರ ಅನುವಾದಕ್ಕಿಂತ ನಿಧಾನ, ದುಬಾರಿ, ತಪ್ಪೂ ಹೆಚ್ಚು ಎಂದು ವರದಿ ಕೊಟ್ಟಿತು, ಹಣ ಬತ್ತಿತು. ಬ್ರಿಟನ್ನಿನಲ್ಲಿ ಎಐ ಸಂಶೋಧನೆಯನ್ನು ಪರಿಶೀಲಿಸಿದ 1973ರ ಲೈಟ್‌ಹಿಲ್ ವರದಿ, ಕೊಟ್ಟ ಮಾತಿಗೂ ಬಂದ ಫಲಕ್ಕೂ ತಾಳೆಯಿಲ್ಲ ಎಂದಿತು. ಅಲ್ಲಿನ ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಈ ಕ್ಷೇತ್ರವೇ ಒಣಗಿತು. ಎರಡೂ ವರದಿಗಳು ಅವತ್ತಿನ ಮಟ್ಟಿಗೆ ತಪ್ಪು ಹೇಳಿರಲಿಲ್ಲ, ಅದೇ ಕಷ್ಟ. ಪ್ರಯೋಜನವನ್ನು ಅಳತೆಗೋಲು ಮಾಡಿಕೊಂಡ ಮೇಲೆ ಅಳೆದಾಗ ಗಿಡ್ಡ ಬಂದರೆ ಕತ್ತರಿಸದೆ ಇನ್ನೇನು ಮಾಡುತ್ತೀರಿ?

ಅಗತ್ಯವನ್ನು ಹೆಸರಿಸುವವರು ಯಾರು ಎಂಬುದು ಇನ್ನೊಂದು ತಕರಾರು. ಪ್ರದೇಶಕ್ಕೆ ಬಾಯಿಲ್ಲ. ಅದರ ಪರವಾಗಿ ಮಾತಾಡುವುದು ಸಮಿತಿ, ಸಮಿತಿಯಲ್ಲಿ ಕೂರುವುದು ಕೂರಬಲ್ಲವರು. ಒಮ್ಮೆ ಪಟ್ಟಿ ಹೊರಟರೆ ಮುಂದಿನ ನಾಟಕ ನಮಗೆಲ್ಲ ಗೊತ್ತಿರುವುದೇ. ಹಳೆಯ ಯೋಜನೆಯ ಶೀರ್ಷಿಕೆಗೆ ‘ಸುಸ್ಥಿರ’, ‘ಗ್ರಾಮೀಣ’ ಎಂಬ ಎರಡು ಪದ ಅಂಟಿಸಿದರೆ ಅರ್ಜಿ ತಯಾರು. ಒಳಗಿನ ಸಮೀಕರಣ ಒಂದೂ ಬದಲಾಗಿರುವುದಿಲ್ಲ. ನಾನೂ ಅಂಟಿಸಿದ್ದೇನೆ, ಸುಳ್ಳೇಕೆ.

ಸಣ್ಣ ಭಾಷೆಗಳ ವಿಷಯದಲ್ಲಿ ನನ್ನ ಮಿತ್ರರ ಸಂಕಟ ನನ್ನದೂ ಹೌದು. ಆದರೆ ಅವರೇ ಕೊಟ್ಟ ಉದಾಹರಣೆಯಲ್ಲಿ ಮಾತು ಸಂಗ್ರಹಿಸಿದ್ದು ರೇಡಿಯೊ ಸಂಸ್ಥೆ, ವಿಶ್ವವಿದ್ಯಾಲಯವಲ್ಲ. ಜನರ ವಿಶ್ವಾಸ ಗಳಿಸಿದವರೇ ಅದನ್ನು ಮಾಡಬೇಕು, ಚೆನ್ನಾಗಿ ಮಾಡಿದರು. ವಿಶ್ವವಿದ್ಯಾಲಯ ಮಾಡಬೇಕಾದ ಕೆಲಸ ಬೇರೆ. 2020ರಲ್ಲಿ ಬಂದ ವೇವ್2ವೆಕ್ 2.0 ಎಂಬ ವಿಧಾನವನ್ನೇ ತೆಗೆದುಕೊಳ್ಳಿ. ಯಾರೂ ಬರಹಕ್ಕಿಳಿಸದ 53,000 ಗಂಟೆಗಳ ಇಂಗ್ಲಿಷ್ ಧ್ವನಿಯನ್ನು ಅದಕ್ಕೆ ಸುಮ್ಮನೆ ಕೇಳಿಸಿದರು. ಆಮೇಲೆ ಬರಹ ಸಹಿತವಾದ ಹತ್ತೇ ಹತ್ತು ನಿಮಿಷದ ಮಾತಿನಿಂದ ಅದು ಓದುವ ದನಿಯನ್ನು ಹೆಚ್ಚುಕಡಿಮೆ ಸರಿಯಾಗಿ ಬರಹಕ್ಕಿಳಿಸಿತು. ಹತ್ತು ನಿಮಿಷ! ಬರೆದಿಟ್ಟ ದತ್ತಾಂಶವಿಲ್ಲದ ನೂರಾರು ಭಾಷೆಗಳಿಗೆ ಬಾಗಿಲು ತೆರೆದದ್ದು ಇಂಥ ವಿಧಾನಗಳು. ಅದನ್ನು ಮಾಡಿದ್ದು ಫೇಸ್‌ಬುಕ್ ಕಂಪನಿಯ ಸಂಶೋಧಕರು, ಇಂಗ್ಲಿಷ್ ಮುಂದಿಟ್ಟುಕೊಂಡು. ಇಂಥ ಪ್ರಶ್ನೆಗಳನ್ನು ಕಂಪನಿಗಳಿಗೆ ಬಿಟ್ಟುಕೊಟ್ಟು ವಿಶ್ವವಿದ್ಯಾಲಯಗಳು ಆ್ಯಪ್ ಕಟ್ಟುತ್ತ ಕೂತರೆ, ಬಾಗಿಲಿನ ಬೀಗದ ಕೈ ಯಾರ ಸೊಂಟದಲ್ಲಿರುತ್ತದೆ? 51ಕ್ಕೆ 15 ಎಂಬ ಲೆಕ್ಕ ನೋಡಿ ಅವರು ಕಣದಿಂದ ಸರಿಯೋಣ ಎನ್ನುತ್ತಾರೆ. ನನಗೆ ಅದೇ ಲೆಕ್ಕ ಇನ್ನಷ್ಟು ಚಿಪ್ ಕೊಡಿಸಿ ಎಂದು ಹೇಳುತ್ತದೆ.

ಬ್ಯಾಬ್ಕಾಕರ ಕಥೆಯನ್ನು ಸೀಸೆಯಲ್ಲೇ ನಿಲ್ಲಿಸಿದ್ದು ಅನ್ಯಾಯ. ಅವರಿಗೆ ಬಹಳ ವರ್ಷಗಳಿಂದ ಒಂದು ಗುಮಾನಿಯಿತ್ತು. ರಸಾಯನಶಾಸ್ತ್ರದ ಕೋಷ್ಟಕದಲ್ಲಿ ಸಮ ಎನಿಸುವ ಎರಡು ಮೇವು ಹಸುವಿನ ಹೊಟ್ಟೆಯಲ್ಲೂ ಸಮವೇ? ಹೈನುಗಾರರು ಕೇಳಿದ ಪ್ರಶ್ನೆ ಇದಲ್ಲ. ಕೊನೆಗೆ 1907ರಲ್ಲಿ 16 ಕಡಸುಗಳನ್ನು ನಾಲ್ಕು ಗುಂಪು ಮಾಡಿ, ಒಂದಕ್ಕೆ ಬರೀ ಮೆಕ್ಕೆಜೋಳದ ಗಿಡ, ಒಂದಕ್ಕೆ ಬರೀ ಗೋಧಿ, ಒಂದಕ್ಕೆ ಬರೀ ಓಟ್ಸ್, ನಾಲ್ಕನೆಯದಕ್ಕೆ ಮೂರರ ಮಿಶ್ರಣ ಹಾಕತೊಡಗಿದರು. ಕೋಷ್ಟಕದ ಪ್ರಕಾರ ಎಲ್ಲವೂ ಒಂದೇ. ಮೆಕ್ಕೆಜೋಳ ತಿಂದವು ಹೊಳಪಾಗಿ ಬೆಳೆದವು, ಗೋಧಿ ತಿಂದವು ಸೊರಗಿದವು. ಕಾರಣ ಹುಡುಕಲು ಬಂದ ಎಲ್ಮರ್ ಮೆಕಾಲಂ ಎಂಬ ಯುವಕನಿಗೆ ಹಸುಗಳು ತೀರಾ ನಿಧಾನ ಎನಿಸಿತು, ಇಲಿ ಸಾಕಬೇಕು ಎಂದ. ಕಣಜದ ಶತ್ರುವನ್ನು ಕೃಷಿ ಕಾಲೇಜಿನ ಹಣದಲ್ಲಿ ಸಾಕುವುದೇ ಎಂದು ಮೇಲಿನವರು ಒಪ್ಪಲಿಲ್ಲ. ಆತ ಸ್ವಂತ ದುಡ್ಡಿನಲ್ಲಿ ಒಂದು ಡಜನ್ ಬಿಳಿ ಇಲಿ ಕೊಂಡು ತಂದ. ಬೆಣ್ಣೆಯ ಕೊಬ್ಬು ತಿಂದ ಇಲಿಗಳು ಬೆಳೆದವು, ಹಂದಿಯ ಕೊಬ್ಬನ್ನೋ ಆಲಿವ್ ಎಣ್ಣೆಯನ್ನೋ ತಿಂದವು ನಿಂತಲ್ಲೇ ನಿಂತವು. ಬೆಣ್ಣೆಯಲ್ಲಿದ್ದ ಆ ಅಂಶದ ಬಗ್ಗೆ 1913ರಲ್ಲಿ ಬರೆದರು. ವಿಟಮಿನ್ ಎ ಎಂಬ ಹೆಸರು ಅದಕ್ಕೆ ಆಮೇಲೆ ಬಂತು.