ಜೆ ಬೋಲ್ಟ್ ಪುರಾಣ

ಮನೆ ಮೇಲೆ ಶೀಟು ಹಾಕಿಸುವವರ ಚೌಕಾಸಿಯನ್ನು ಬಳ್ಳಾರಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ನಿಂತು ಕೇಳಬೇಕು. ಯಾವ ಕಂಪನಿ, ಎಷ್ಟು ಎಂ.ಎಂ. ದಪ್ಪ, ನೀಲಿಯೋ ಹಸಿರೋ, ಅಡಿಗೆ ಎಷ್ಟು, ಆಟೋ ಬಾಡಿಗೆ ಯಾರ ತಲೆಗೆ. ಶೀಟನ್ನು ಬೆರಳಲ್ಲಿ ಬಡಿದು ಸದ್ದು ಕೇಳುವವರೂ ಇದ್ದಾರೆ, ಮಡಿಕೆ ಕೊಂಡ ಅಭ್ಯಾಸ. ಎಲ್ಲ ಮುಗಿದು ದುಡ್ಡು ಎಣಿಸುವಾಗ ಅಂಗಡಿಯವನು "ಸ್ಕ್ರೂ ಯಾವ್ದು ಕೊಡ್ಲಿ ಸಾರ್?" ಅಂತಾನೆ. "ಯಾವ್ದಾದ್ರೂ ಹಾಕಪ್ಪ, ಕಡಿಮೇದು." ಅಲ್ಲಿಗೆ ಮುಗಿಯಿತು.

ನನಗಂತೂ ಇದು ವಿಚಿತ್ರ ಅನಿಸುತ್ತದೆ. ಶೀಟು ಹಾಕಿಸುವುದು ಅಂದರೆ, ನೀರು ಬರಬಾರದು ಅಂತ ತಂದ ತಗಡಿಗೆ ನಾವೇ ಕೈಯಾರೆ ನೂರಾರು ತೂತು ಹೊಡೆಯುವುದು. ಆಮೇಲೆ ಒಂದೊಂದು ತೂತಿಗೂ ಒಬ್ಬೊಬ್ಬ ಕಾವಲುಗಾರನನ್ನು ನಿಲ್ಲಿಸುವುದು. ಆ ಕಾವಲುಗಾರನನ್ನೇ ಕಡಿಮೆ ಸಂಬಳದವನನ್ನು ಹುಡುಕಿ ತರುತ್ತೇವೆ. ಹಳೇ ಶೀಟಿನ ಮನೆ ಯಾವುದನ್ನಾದರೂ ಒಳಗಿಂದ ತಲೆ ಎತ್ತಿ ನೋಡಿ. ಶೀಟು ಇನ್ನೂ ಗಟ್ಟಿಯಾಗೇ ಇರುತ್ತದೆ. ಕಂದು ಕಲೆ ಶುರುವಾಗಿರುವುದು ಬೋಲ್ಟಿನ ಬುಡದಲ್ಲಿ.

"ನಮ್ಮೂರಲ್ಲಿ ಮಳೆ ಎಲ್ಲೈತೆ ಸಾರ್, ಜಂಗು ಹಿಡಿಯಾಕೆ?" ಎಂದು ವಾದಿಸುವವರಿದ್ದಾರೆ. ತೀರಾ ತಳ್ಳಿಹಾಕುವ ಮಾತಲ್ಲ. ಬಳ್ಳಾರಿ, ಕೊಪ್ಪಳ, ರಾಯಚೂರು ಎಲ್ಲಿ ನೋಡಿದರೂ ವರ್ಷಕ್ಕೆ ಆರುನೂರು ಮಿಲಿಮೀಟರ್ ಆಸುಪಾಸಿನ ಮಳೆ. ಮಂಗಳೂರಲ್ಲಿ ಮೂರೂವರೆ ಸಾವಿರ ದಾಟುತ್ತದೆ, ಜೊತೆಗೆ ಸಮುದ್ರದ ಉಪ್ಪುಗಾಳಿ ಬೇರೆ. ಕಬ್ಬಿಣ ತುಕ್ಕು ಹಿಡಿಯಬೇಕಾದರೆ ಗಾಳಿಯ ಆಮ್ಲಜನಕವೂ ಬೇಕು, ನೀರೂ ಬೇಕು. ಒಣಗಾಳಿಯಲ್ಲಿ ಅದರ ಕೆಲಸ ಬಹಳ ನಿಧಾನ. ಹಾಗಾಗಿ ನಮ್ಮ ಬೋಲ್ಟುಗಳ ಆಯಸ್ಸು ಕರಾವಳಿಯವಕ್ಕಿಂತ ಜಾಸ್ತಿಯೇ.

ಆದರೆ ಇಲ್ಲಿ ಮಳೆಯ ಅರ್ಧ ಕೆಲಸವನ್ನು ಬಿಸಿಲು ಮೊದಲೇ ಮಾಡಿಟ್ಟಿರುತ್ತದೆ. ಉಕ್ಕು ಬಿಸಿಯಾದರೆ ಹಿಗ್ಗುತ್ತದೆ. ಒಂದು ಮೀಟರ್ ಉದ್ದದ ಉಕ್ಕು ಒಂದು ಡಿಗ್ರಿಗೆ ಹಿಗ್ಗುವುದು ಮಿಲಿಮೀಟರಿನ ಸಾವಿರದಲ್ಲಿ ಹನ್ನೆರಡು ಭಾಗ ಮಾತ್ರ. ಏನು ಮಹಾ ಅನಿಸುತ್ತದೆ, ಅಲ್ವಾ? ಏಪ್ರಿಲ್ ಮಧ್ಯಾಹ್ನ ಶೀಟಿನ ಮೇಲೆ ಕೈ ಇಡಲು ಆಗುವುದಿಲ್ಲ. ಆ ಬಿಸಿಗೂ ಬೆಳಗಿನ ಜಾವದ ತಂಪಿಗೂ ನಲವತ್ತು ಡಿಗ್ರಿ ವ್ಯತ್ಯಾಸ ಅಂತ ಹಿಡಿಯಿರಿ. ಹತ್ತಡಿ ಶೀಟು ದಿನಕ್ಕೊಮ್ಮೆ ಒಂದೂವರೆ ಮಿಲಿಮೀಟರಿನಷ್ಟು ಹಿಗ್ಗಿ, ರಾತ್ರಿ ಮತ್ತೆ ಕುಗ್ಗುತ್ತದೆ. ಸಂಜೆ ಏಳು ಗಂಟೆಗೆ ಮನೆಯೊಳಗೆ ಕೂತಿದ್ದರೆ ಮೇಲೆ ಟಕ್, ಟಕ್ ಅಂತ ಕೇಳುತ್ತದಲ್ಲ, ಅದು ಬೆಕ್ಕಲ್ಲ. ಶೀಟು ತಣ್ಣಗಾಗುತ್ತಾ ಸ್ಕ್ರೂಗಳನ್ನು ಎಳೆದಾಡುವ ಸದ್ದು. ದಿನವೂ ಹೀಗೆ ಎಳೆದರೆ ತೂತು ಉದ್ದವಾಗದೆ ಏನಾಗುತ್ತದೆ? ಸ್ಕ್ರೂ ತಲೆಯ ಕೆಳಗಿನ ರಬ್ಬರ್ ವಾಷರ್ ಕೂಡ ಅದೇ ಬಿಸಿಲಲ್ಲಿ ಒಣಗಿ, ಬಿರುಸಾಗಿ, ಸೀಳು ಬಿಡುತ್ತದೆ. ಸೆಪ್ಟೆಂಬರಿನಲ್ಲಿ ನಾಲ್ಕು ದಿನ ಬಿಡದೆ ಮಳೆ ಹಿಡಿದರೆ ಸಾಕು, ನೀರು ದಾರಿ ಹುಡುಕಬೇಕಾಗಿಲ್ಲ.

ಸಿಮೆಂಟ್ ಶೀಟಿನಿಂದ ಬಿಚ್ಚಿದ ಹಳೇ ಜೆ ಬೋಲ್ಟ್, ಅಂದರೆ ಇಂಗ್ಲಿಷಿನ J ಅಕ್ಷರದ ಹಾಗೆ ತುದಿ ಕೊಕ್ಕೆಯಾಗಿ ಬಾಗಿದ ಬೋಲ್ಟ್ ಒಂದನ್ನು ಕೈಯಲ್ಲಿ ಹಿಡಿದು ನೋಡಬೇಕು. ಮೇಲೆ ನಟ್ಟು ಎಲ್ಲಿ ಮುಗಿಯಿತು, ಬೋಲ್ಟು ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ. ಎರಡೂ ಸೇರಿ ಕಂದು ಮುದ್ದೆ. ಉಗುರಲ್ಲಿ ಕೆರೆದರೆ ಪದರ ಪದರವಾಗಿ ಏಳುತ್ತದೆ. ಕೆಳಗೆ ಶೀಟು ಹೊರುವ ಕಬ್ಬಿಣದ ಆಂಗಲ್‌ಗೆ ಸಿಕ್ಕಿಸಿದ್ದ ಕೊಕ್ಕೆಯ ಭಾಗ ಮಾತ್ರ ಹೆಚ್ಚೂಕಡಿಮೆ ಹೊಸದರಂತೆ ಬೂದು ಬಣ್ಣಕ್ಕೇ ಇರುತ್ತದೆ. ನಡುವೆ, ಶೀಟಿನ ತೂತಿನೊಳಗೆ ಹಾದುಹೋಗುವ ಕಡೆ, ಬೋಲ್ಟಿನ ಕುತ್ತಿಗೆ ಅರ್ಧಕ್ಕೆ ಇಳಿದಿರುತ್ತದೆ. ಗಾಳಿ ಮಳೆಗೆ ಮೈಯೊಡ್ಡಿ ನಿಂತ ನಟ್ಟಿಗೆ ಆಗದಷ್ಟು ಗತಿ, ವಾಷರಿನ ಮರೆಯಲ್ಲಿದ್ದ ಕುತ್ತಿಗೆಗೆ ಯಾಕೆ ಆಯಿತು? ಮರೆ ಇದ್ದದ್ದಕ್ಕೇ ಆಯಿತು. ಹೊರಗಿನ ಹನಿ ಬಿಸಿಲು ಬಂದ ಕೂಡಲೇ ಆರುತ್ತದೆ. ವಾಷರ್ ಅಡಿಗೆ ನುಗ್ಗಿದ ನೀರು ಅಲ್ಲೇ ತಂಗುತ್ತದೆ. ಬೋಲ್ಟಿನ ಮೇಲಿದ್ದ ಸತುವಿನ ಲೇಪ ಮೊದಲು ಅಲ್ಲಿ ಸವೆಯುತ್ತದೆ, ಆಮೇಲೆ ಕಬ್ಬಿಣದ ಸರದಿ. ತುಕ್ಕು ಆದ ಕಬ್ಬಿಣಕ್ಕೆ ಮೊದಲಿಗಿಂತ ಹಲವು ಪಟ್ಟು ಜಾಗ ಬೇಕು. ಊದಿಕೊಂಡು ತೂತಿನ ಬಾಯನ್ನೇ ಒತ್ತುತ್ತದೆ. ಸಿಮೆಂಟ್ ಶೀಟು ಬಿರುಕು ಬಿಡುವುದು ಎಷ್ಟೋ ಸಲ ಇಲ್ಲಿಂದಲೇ.

ಸತುವಿನ ಲೇಪದ ಕಥೆ ಚೆನ್ನಾಗಿದೆ. ಕರಗಿದ ಸತುವಿನಲ್ಲಿ ಕಬ್ಬಿಣ ಅದ್ದುವ ವಿಧಾನಕ್ಕೆ ಫ್ರಾನ್ಸಿನ ಸ್ತಾನಿಸ್ಲಾಸ್ ಸೊರೆಲ್ 1837ರಲ್ಲಿ ಪೇಟೆಂಟ್ ಪಡೆದ. ಬಣ್ಣದ ಹಾಗೆ ಸುಮ್ನೆ ಮುಚ್ಚಿಕೊಂಡು ಕೂರುವ ಲೇಪ ಅಲ್ಲ ಇದು. ಎಲ್ಲಾದರೂ ಗೀರು ಬಿದ್ದು ಕಬ್ಬಿಣ ಕಂಡರೂ, ಅಕ್ಕಪಕ್ಕದ ಸತುವು ತಾನು ಕರಗಿ ಕಬ್ಬಿಣವನ್ನು ಉಳಿಸುತ್ತದೆ. ಆದರೆ ಕರಗಲಿಕ್ಕೆ ಸತುವು ಅಲ್ಲಿ ಇರಬೇಕಲ್ಲ. ಕರಗಿದ ಸತುವಿನಲ್ಲಿ ಅದ್ದಿ ತೆಗೆದ ಬೋಲ್ಟು ನೋಡಲು ಮಂಕು, ಮೈ ಒರಟು, ಲೇಪ ದಪ್ಪ. ಕರೆಂಟಿನಿಂದ ಲೇಪ ಕೊಟ್ಟ ಸ್ಕ್ರೂ ಫಳಫಳ ಹೊಳೆಯುತ್ತದೆ, ಲೇಪ ಮಾತ್ರ ಕೆಲವೇ ಮೈಕ್ರಾನ್. ಅಂಗಡಿಯಲ್ಲಿ ಎರಡನ್ನೂ ಮುಂದೆ ಇಟ್ಟರೆ ನಮ್ಮ ಕೈ ಹೋಗುವುದು ಹೊಳೆಯುವುದರ ಕಡೆಗೇ. ಹುಡುಗಿ ನೋಡಲು ಹೋದವರ ಬುದ್ಧಿಯನ್ನು ಇಲ್ಲಿ ಎಳೆದು ತರುವುದು ಬೇಡ.

ಲೋಹಕ್ಕೂ ಲೋಹಕ್ಕೂ ಜೋಡಿ ಸರಿಹೋಗದಿದ್ದರೆ ಏನಾಗುತ್ತದೆ ಅನ್ನುವುದನ್ನು ಬ್ರಿಟಿಷ್ ನೌಕಾಪಡೆ ದುಡ್ಡು ಕೊಟ್ಟು ಕಲಿಯಿತು. 1761ರಲ್ಲಿ 'ಅಲಾರ್ಮ್' ಎಂಬ ಯುದ್ಧನೌಕೆಯ ಅಡಿಭಾಗಕ್ಕೆ ತಾಮ್ರದ ತಗಡು ಹೊಡೆಸಿದರು, ಮರ ಕೊರೆಯುವ ಹುಳದ ಕಾಟ ತಪ್ಪಲಿ ಅಂತ. ಹೊಡೆದ ಮೊಳೆ ಕಬ್ಬಿಣದ್ದು. 1763ರಲ್ಲಿ ಪರೀಕ್ಷೆ ಮಾಡಿದರೆ ಹಲವು ಕಡೆ ಮೊಳೆ ತಿಂದುಹೋಗಿ ತಗಡು ಕಳಚಿಕೊಂಡಿತ್ತು. ಕೆಲವು ಮೊಳೆ ಮಾತ್ರ ಚೆನ್ನಾಗಿದ್ದವು. ಯಾಕೆ ಅಂತ ನೋಡಿದರೆ, ತಾಮ್ರಕ್ಕೆ ಸುತ್ತಿ ಬಂದಿದ್ದ ಕಂದು ಕಾಗದವನ್ನು ಕೆಲಸದವರು ಅಲ್ಲಲ್ಲಿ ಪೂರ್ತಿ ಕಿತ್ತಿರಲಿಲ್ಲ. ಮೊಳೆಗೂ ತಾಮ್ರಕ್ಕೂ ನಡುವೆ ಆ ಕಾಗದ ಅಡ್ಡ ಇತ್ತು. ಮೈಗಳ್ಳತನದಿಂದ ವಿಜ್ಞಾನಕ್ಕೆ ಇಷ್ಟು ಉಪಕಾರ ಆದದ್ದು ಅಪರೂಪ. ಎರಡು ಲೋಹ ತಾಗಿಕೊಂಡು ಉಪ್ಪುನೀರಲ್ಲಿ ನಿಂತರೆ ಬ್ಯಾಟರಿ ಆದ ಹಾಗೆ, ಸೋಲುವ ಲೋಹ ಕರಗುತ್ತದೆ. ಸೋಲುವುದು ಸಣ್ಣ ಮೊಳೆ, ಎದುರಿಗಿರುವುದು ಹಡಗಿನಷ್ಟು ತಗಡು ಅಂದಮೇಲೆ ಕೇಳಬೇಕೆ?

ಬಳ್ಳಾರಿಯವರು ಜಂಗನ್ನು ಬೈಯುವಾಗ ನನಗೆ ಒಳಗೊಳಗೇ ನಗು. ನಾವು ಬದುಕುತ್ತಿರುವುದೇ ಅದರ ಮೇಲೆ. ಸಂಡೂರಿನ ಬೆಟ್ಟಗಳಲ್ಲಿ ಅಗೆಯುವ ಹೆಮಟೈಟ್ ಅದಿರು ಅಂದರೆ ಕಬ್ಬಿಣ ಮತ್ತು ಆಮ್ಲಜನಕ ಸೇರಿದ್ದು. ಬೋಲ್ಟಿನ ಮೇಲಿನ ತುಕ್ಕೂ ಅದೇ ವಂಶ, ಸ್ವಲ್ಪ ನೀರಂಶ ಜಾಸ್ತಿ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಕುಲುಮೆಗಳಲ್ಲಿ ಕಲ್ಲಿದ್ದಲಿನ ಕೋಕ್ ಸುಟ್ಟು, ಸಾವಿರ ಡಿಗ್ರಿ ಮೀರಿ ಕಾಯಿಸಿ ಆ ಆಮ್ಲಜನಕವನ್ನು ಬಿಡಿಸುತ್ತಾರೆ. ಅಷ್ಟು ಖರ್ಚು ಮಾಡಿ ಬಿಡಿಸಿದ್ದನ್ನು ನಮ್ಮ ಮನೆ ಬೋಲ್ಟು ಪುಕ್ಕಟೆಯಾಗಿ ಮತ್ತೆ ಕೂಡಿಸುತ್ತದೆ. ರಸ್ತೆಯ ಕೆಂಪು ಧೂಳು ಶೀಟಿನ ಮೇಲೆ ಕೂತಿರುತ್ತದೆ, ಬೋಲ್ಟಿನ ಬುಡದಲ್ಲಿ ಗುಡ್ಡೆಯಾಗಿರುತ್ತದೆ. ಇಬ್ಬನಿ ಬಿದ್ದರೆ ಆ ಧೂಳು ತೇವ ಹಿಡಿದಿಟ್ಟುಕೊಳ್ಳುತ್ತದೆ. ಅದಿರೇ ಬಂದು ಬೋಲ್ಟನ್ನು ಮನೆಗೆ ಕರೆಯುತ್ತಿದೆ ಅಂತ ಬೇಕಾದರೆ ಅನ್ನಿ.

ಗಂಗಾವತಿ, ಕಾರಟಗಿ ಕಡೆ ಭತ್ತ ಬೇಯಿಸುವ ಮಿಲ್ಲುಗಳಲ್ಲಿ ತುಕ್ಕಿನ ದಾರಿ ತಿರುಗಾಮುರುಗಾ. ಅಲ್ಲಿ ಆವಿ ಕೆಳಗಿಂದ ಏರಿ ಶೀಟಿನ ಒಳಮೈಗೆ ಬಡಿದು ಹನಿಯಾಗುತ್ತದೆ, ಕೊಕ್ಕೆಯೇ ಮೊದಲು ಹೋಗುತ್ತದೆ. ದನದ ಕೊಟ್ಟಿಗೆಯಲ್ಲಿ ಗಂಜಲದ ಅಮೋನಿಯಾ. ಗೊಬ್ಬರದ ಗೋದಾಮಿನ ಮಾತು ಕೇಳಲೇಬೇಡಿ.

ಇನ್ನು ಮೇ ತಿಂಗಳ ಗಾಳಿ. ಪ್ರತಿವರ್ಷ ಪೇಪರಿನಲ್ಲಿ ಅದೇ ಸುದ್ದಿ, ಗಾಳಿಗೆ ಹಾರಿದ ಶೀಟುಗಳು. ಬೋಲ್ಟು ಶೀಟನ್ನು ಹೊತ್ತುಕೊಂಡಿದೆ ಅಂತ ನಾವು ತಿಳಿದಿರುತ್ತೇವೆ. ಹೊರುವುದು ಆಂಗಲ್ಲು, ಪೈಪು. ಜೋರು ಗಾಳಿ ಶೀಟಿನ ಮೇಲೆ ಹಾದುಹೋಗುವಾಗ ಅದನ್ನು ಮೇಲಕ್ಕೆ ಹೀರುತ್ತದೆ, ಆಗ ಕೆಳಗೆ ಹಿಡಿದು ಎಳೆಯುವುದು ಬೋಲ್ಟಿನ ಕೆಲಸ. ವರ್ಷಪೂರ್ತಿ ಸುಮ್ಮನೆ ನಿಂತು, ಹತ್ತು ನಿಮಿಷದ ಗಾಳಿಗೆ ಬೇಕಾಗುವ ನೌಕರಿ. ಅರ್ಧ ಕುತ್ತಿಗೆಯ ಬೋಲ್ಟು ಆ ಹತ್ತು ನಿಮಿಷಕ್ಕೆ ಕೈಕೊಡುತ್ತದೆ. ಇದಕ್ಕೆ ನಮ್ಮವರು ಕಂಡುಕೊಂಡ ಪರಿಹಾರ ಕಲ್ಲು. ಬಳ್ಳಾರಿಯಲ್ಲಿ ಕಲ್ಲಿಗೇನು ಬರ? ಊರ ನಡುವೆ ಗುಡ್ಡವೇ ಇದೆ. ಗುಡ್ಡದ ಮೇಲಿಂದ ನೋಡಿದರೆ ಶೀಟಿನ ಮನೆಗಳ ಮೇಲೆ ಸಾಲಾಗಿ ಸೈಜುಗಲ್ಲು, ಹಳೇ ಟೈರು, ಒಡೆದ ರುಬ್ಬುಗುಂಡು. ಅಜ್ಜಂದಿರ ಕಾಲದ ಮಾಳಿಗೆಗೆ ಈ ಚಿಂತೆ ಇರಲಿಲ್ಲ. ತೊಲೆ, ಜಂತಿ, ಮೇಲೆ ಗೇಣುಗಟ್ಟಲೆ ಮಣ್ಣು. ಮಳೆಗಾಲದ ಮುಂಚೆ ಸವಳು ಮಣ್ಣು ತಂದು ಹರಡಿದರೆ ಆಯಿತು. ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ 1112ರ ಮಹಾದೇವ ದೇವಸ್ಥಾನ ಇದೆ. ಚಾವಣಿಯ ಕಲ್ಲು ತನ್ನ ಭಾರಕ್ಕೆ ತಾನೇ ಕೂತಿದೆ, ಯಾವ ಗಾಳಿ ಅದನ್ನು ಎತ್ತಬೇಕು?

ದೊಡ್ಡ ಕಟ್ಟಡಗಳೂ ಕೊನೆಗೆ ಸಣ್ಣ ಕಬ್ಬಿಣಕ್ಕೇ ಜೋತುಬಿದ್ದಿರುತ್ತವೆ ಅನ್ನುವುದು ಈ ಸೀಮೆಗೆ 2024ರ ಆಗಸ್ಟ್ 10ರ ರಾತ್ರಿ ಗೊತ್ತಾಯಿತು. ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಡ್ಯಾಮಿನ ಕಲ್ಲಿನ ಗೋಡೆಗೆ ಏನೂ ಆಗಿರಲಿಲ್ಲ. ಹೋದದ್ದು ಎಪ್ಪತ್ತು ವರ್ಷದಷ್ಟು ಹಳೆಯ ಸರಪಳಿ. ಅಣೆಕಟ್ಟು ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಮತ್ತು ಅವರ ತಂಡ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ಅಡ್ಡತಡೆ ಇಳಿಸಿ ನಿಲ್ಲಿಸುವವರೆಗೆ, ಒಂದು ವಾರ, ಚಹಾ ಅಂಗಡಿಯಲ್ಲಿ ಕೂತ ಪ್ರತಿಯೊಬ್ಬನೂ ಸರಪಳಿ ತಜ್ಞನೇ. ಭತ್ತದ ರೈತರಿಗೆ ಮಾತ್ರ ಮಾತಾಡುವ ಉತ್ಸಾಹ ಇರಲಿಲ್ಲ.

ಶೀಟು ಕೂರಿಸುವ ಕೆಲಸಕ್ಕೂ ಒಂದು ಕೈ ಬೇಕು. ಒಳ್ಳೇ ಮೇಸ್ತ್ರಿ ಸಿಮೆಂಟ್ ಶೀಟಿನ ಉಬ್ಬಿನ ಮೇಲೇ ತೂತು ಹೊಡೆಯುತ್ತಾನೆ, ನೀರು ಹರಿಯುವ ತಗ್ಗಿನಲ್ಲಿ ಅಲ್ಲ. ವಾಷರ್ ಚಪ್ಪಟೆಯಾಗಿ ಹೊರಗೆ ಉಬ್ಬುವಷ್ಟು ಬಿಗಿಯುವುದಿಲ್ಲ. ತಗಡಿಗೆ ಡ್ರಿಲ್ ಹೊಡೆದಾಗ ಉದುರುವ ಕಬ್ಬಿಣದ ಸುರುಳಿ ಚೂರುಗಳನ್ನು ಅದೇ ಸಂಜೆ ಪೊರಕೆ ಹಿಡಿದು ಗುಡಿಸುತ್ತಾನೆ. ಅವು ಅಲ್ಲೇ ಉಳಿದರೆ ಮೊದಲ ಮಳೆಗೇ ತುಕ್ಕಾಗಿ ಹೊಸ ಶೀಟಿಗೆ ಸಿಡುಬು ಎದ್ದ ಹಾಗೆ ಕಾಣುತ್ತದೆ. ಹಾಗೆ ಗುಡಿಸುವವನು ಸಿಕ್ಕರೆ ಫೋನ್ ನಂಬರ್ ಬರೆದಿಟ್ಟುಕೊಳ್ಳಿ.

ಈ ರಗಳೆಯೇ ಬೇಡ ಅಂತ ನಮ್ಮ ಬೀದಿಯ ಹಿರಿಯರೊಬ್ಬರು ಶೀಟು ತೆಗೆಸಿ ಸ್ಲ್ಯಾಬ್ ಹಾಕಿಸಿದ್ದರು. ಸ್ಲ್ಯಾಬಿನೊಳಗೂ ಕಬ್ಬಿಣ ಇದೆಯಲ್ಲ. ಬಿರುಕಿನಿಂದ ನೀರು ಇಳಿದು, ಸರಳು ತುಕ್ಕಾಗಿ ಊದಿ, ಈಗ ಪಡಸಾಲೆಯಲ್ಲಿ ಸಿಮೆಂಟಿನ ಚಕ್ಕೆ ಉದುರುತ್ತಿದೆ. ಎಂಜಿನಿಯರ್ ಬಂದು ನೋಡಿ, ಸ್ಲ್ಯಾಬಿನ ಮೇಲೆ ಶೀಟು ಹಾಕಿಸಿಬಿಡಿ ಅಂದರಂತೆ. ಹೋದ ವಾರ ಶೀಟು ಬಂತು, ಕೆಂಪು ಬಣ್ಣದ್ದು. "ಯಾಕ್ರಿ ಕಾಕಾ, ಕೆಂಪು?" ಅಂದೆ.

"ಧೂಳು ಕಾಣಂಗಿಲ್ಲಪ್ಪ," ಅಂದರು. ಸ್ವಲ್ಪ ಯೋಚಿಸಿ, "ಜಂಗೂ ಕಾಣಂಗಿಲ್ಲ."