ಐದನೇ ತರಗತಿಯ ಸಿಇಟಿ

ಪಿಯುಸಿ ಮುಗಿಸಿದವರು ಸಿಇಟಿ ಬರೆಯುತ್ತಾರೆ ಎಂಬುದು ಹಳೆಯ ಮಾತು. ಈಗ ಹಾಲುಹಲ್ಲು ಪೂರ್ತಿ ಬಿದ್ದಿರದ ಐದನೇ ತರಗತಿಯ ಹುಡುಗನಿಗೂ ಪುರುಸೊತ್ತಿಲ್ಲ. ನವೋದಯಕ್ಕೊಂದು ಪರೀಕ್ಷೆ, ಮೊರಾರ್ಜಿಗೊಂದು, ಆದರ್ಶ ವಿದ್ಯಾಲಯಕ್ಕೊಂದು, ಸೈನಿಕ ಶಾಲೆಗೊಂದು. ಎಂಜಿನಿಯರಿಂಗ್ ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರವೇ ಮೊರಾರ್ಜಿ ವಸತಿ ಶಾಲೆಯ ಆರನೇ ತರಗತಿಯ ಸೀಟನ್ನೂ ಹಂಚುತ್ತದೆ. ಇವೆಲ್ಲ ಯಾರ ಶಾಲೆಗಳು? ಸರ್ಕಾರದ್ದೇ. ಹುಡುಗ ಸದ್ಯಕ್ಕೆ ಕುಳಿತಿರುವುದು ಯಾರ ಶಾಲೆಯಲ್ಲಿ? ಅದೂ ಸರ್ಕಾರದ್ದೇ. ಸರ್ಕಾರಿ ಶಾಲೆಯಿಂದ ಪಾರಾಗಿ ಸರ್ಕಾರಿ ಶಾಲೆ ಸೇರುವುದಕ್ಕೆ ಇಷ್ಟೊಂದು ಪೈಪೋಟಿ.

ಕಾನೂನು ಏನೆನ್ನುತ್ತದೆ ಎಂದು ಕೇಳಬೇಡಿ, ಅದು ಬಹಳ ಕಟ್ಟುನಿಟ್ಟಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಮಿನ ಪ್ರಕಾರ ಪ್ರವೇಶಕ್ಕಾಗಿ ಮಗುವನ್ನು ಪರೀಕ್ಷೆಗೆ ಒಡ್ಡುವುದು ಅಪರಾಧ; ಮೊದಲ ಸಲಕ್ಕೆ 25,000 ರೂಪಾಯಿವರೆಗೆ ದಂಡ. ಆದರೆ ಕಾಯ್ದೆ ಬರೆದವರು ಮನೆಯವರನ್ನು ಮರೆತಿಲ್ಲ. ಕೇಂದ್ರೀಯ ವಿದ್ಯಾಲಯ, ನವೋದಯ, ಸೈನಿಕ ಶಾಲೆಗಳು ‘ನಿರ್ದಿಷ್ಟ ವರ್ಗ’ಕ್ಕೆ ಸೇರಿದವು ಎಂದು ಮೊದಲೇ ಬರೆದಿಟ್ಟರು, ಆ ವರ್ಗಕ್ಕೆ ಪರೀಕ್ಷೆ ನಡೆಸಲು ಅಡ್ಡಿಯಿಲ್ಲ ಎಂಬ ವಿವರಣೆಯೂ ಆಮೇಲೆ ಬಂತು. ಖಾಸಗಿಯವರೂ ದಡ್ಡರಲ್ಲ. ಅಪ್ಪ ಅಮ್ಮನನ್ನೂ ಪರೀಕ್ಷಿಸಬಾರದು ಎಂದು ಅದೇ ಕಲಮು ಹೇಳುತ್ತದೆ. ಆದರೂ ಅವರನ್ನು ಕೂರಿಸಿ ಸಂದರ್ಶನ ಮಾಡುತ್ತಾರೆ.

ನವೋದಯದ ಪ್ರಶ್ನೆಪತ್ರಿಕೆಯಲ್ಲಿ 80 ಪ್ರಶ್ನೆ, ಎರಡು ಗಂಟೆ. ಅರ್ಧಕ್ಕರ್ಧ, ಅಂದರೆ 40 ಪ್ರಶ್ನೆ ಬುದ್ಧಿಮತ್ತೆಯದು. ನಾಲ್ಕು ಚಿತ್ರಗಳಿರುತ್ತವೆ, ಗುಂಪಿಗೆ ಸೇರದ್ದನ್ನು ಗುರುತಿಸಬೇಕು. ಇದನ್ನು ಹಳ್ಳಿಯ ಶಾಲೆಯ ಯಾವ ಪಠ್ಯಪುಸ್ತಕವೂ ಕಲಿಸುವುದಿಲ್ಲ. ಹಾಗಾಗಿ ಕಲಿಸುವ ಹೊಣೆಯನ್ನು ಕೋಚಿಂಗ್ ಕೇಂದ್ರಗಳು ಹೊತ್ತಿವೆ. 1963ರಿಂದ ಸೈನಿಕ ಶಾಲೆ ಇರುವ ವಿಜಯಪುರದ ಕಡೆ ಹೋದರೆ ‘ನವೋದಯ, ಸೈನಿಕ, ಕಿತ್ತೂರು, ಆದರ್ಶ, ಮೊರಾರ್ಜಿ’ ಎಂದು ಒಂದೇ ಉಸಿರಿನಲ್ಲಿ ಬರೆದ ಫಲಕಗಳು ಕಾಣುತ್ತವೆ. ಒಳಗೆ ಗೋಡೆಗೆ ಒತ್ತಿಕೊಂಡು ಸಾಲು ಟ್ರಂಕು, ಅವುಗಳ ಮೇಲೆ ಬಣ್ಣದಲ್ಲಿ ಬರೆದ ಹೆಸರು, ಬೆಳಗಿನ ಜಾವಕ್ಕೇ ಎದ್ದು ಒಎಂಆರ್ ಹಾಳೆಯ ಸೊನ್ನೆ ತುಂಬುತ್ತಿರುವ ಹತ್ತು ವರ್ಷದ ಮಕ್ಕಳು. ಮೊರಾರ್ಜಿಯಲ್ಲಿ ಊಟ, ವಸತಿ, ಪುಸ್ತಕ ಎಲ್ಲ ಉಚಿತ. ಆ ಉಚಿತಕ್ಕೆ ಅರ್ಹನಾಗಲು ಅಪ್ಪ ಸಾಲ ಮಾಡಿ ಶುಲ್ಕ ಕಟ್ಟುತ್ತಾನೆ.

ಇಲ್ಲೊಂದು ಸಣ್ಣ ತೊಡಕಿದೆ. ನವೋದಯದ ಕನಿಷ್ಠ ಶೇ 75ರಷ್ಟು ಸೀಟು ಗ್ರಾಮೀಣ ಮಕ್ಕಳಿಗೆ ಮೀಸಲು; ಅದಕ್ಕೆ ಮೂರು, ನಾಲ್ಕು, ಐದನೇ ತರಗತಿಯನ್ನು ಹಳ್ಳಿಯಲ್ಲೇ ಓದಿರಬೇಕು. ಪರಿಹಾರ ಸುಲಭ. ಹೆಸರು ಹಳ್ಳಿಯ ಹಾಜರಿ ಪುಸ್ತಕದಲ್ಲಿ, ಹುಡುಗ ಪಟ್ಟಣದ ಕೋಚಿಂಗಿನಲ್ಲಿ. ಎಲ್ಲ ಕಡೆ ಹೀಗೆ ಎನ್ನಲಾರೆ, ಹೀಗಿರುವ ಕಡೆ ಯಾರೂ ತಲೆ ಎಣಿಸಲು ಹೋಗುವುದಿಲ್ಲ.

ಮಕ್ಕಳನ್ನು ಸಾಗಹಾಕುವುದರಲ್ಲಿ ಸರ್ಕಾರ ಹಿಂದೆಯೂ ಜಿಪುಣತನ ತೋರಿದ್ದಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಗಳಲ್ಲಿ ಬಡ ಮಕ್ಕಳಿಗೆ ಮೀಸಲಾದ ಶೇ 25ರ ಸೀಟಿನಲ್ಲಿ ಒಂದನೇ ತರಗತಿ ಸೇರಿದ ಮಗುವಿಗೆ ವರ್ಷಕ್ಕೆ 16,000 ರೂಪಾಯಿವರೆಗೆ ಖಾಸಗಿ ಶಾಲೆಗೆ ತಾನೇ ಕಟ್ಟುತ್ತಿತ್ತು. ತನ್ನ ಬೆಂಚುಗಳು ಖಾಲಿಯಾದದ್ದು ಆಮೇಲೆ ಕಣ್ಣಿಗೆ ಬಿತ್ತು. 2019ರ ಹೊತ್ತಿಗೆ, ಸಮೀಪದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಆ ಸೀಟು ಇಲ್ಲ ಎಂದು ನಿಯಮ ತಿದ್ದಿ ಬಾಗಿಲು ಹಾಕಿತು. ಆರನೇ ತರಗತಿಯ ಬಾಗಿಲು ಮಾತ್ರ ತೆರೆದೇ ಇದೆ.

ಆ ಬಾಗಿಲಲ್ಲಿ ನಿಂತಿರುವ ಹಿರಿಯ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕರನ್ನು ನೆನೆಯಿರಿ. ಸಂಜೆ ಉಳಿದು, ಕೈಯಿಂದ ಕಾಸು ಹಾಕಿ ಮಾದರಿ ಪ್ರಶ್ನೆಪತ್ರಿಕೆ ಜೆರಾಕ್ಸ್ ಮಾಡಿಸಿ ಮಕ್ಕಳನ್ನು ತಯಾರು ಮಾಡಿದ ಪುಣ್ಯಾತ್ಮ. ಹನ್ನೊಂದು ಮಕ್ಕಳು ಆಯ್ಕೆಯಾದರು. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರು ಗೇಟಿಗೆ ಫ್ಲೆಕ್ಸ್ ಕಟ್ಟಿಸಿದರು: ‘ನಮ್ಮ ಶಾಲೆಯ ಹೆಮ್ಮೆ’, ಕೆಳಗೆ ಹನ್ನೊಂದು ಪಾಸ್‌ಪೋರ್ಟ್ ಅಳತೆಯ ಮುಖಗಳು. ಹನ್ನೊಂದೂ ಮಕ್ಕಳು ಟಿಸಿ ತೆಗೆದುಕೊಂಡು ಹೊರಟರು. ಜೂನ್ ತಿಂಗಳಲ್ಲಿ ಮುಖ್ಯ ಶಿಕ್ಷಕರಿಗೆ ಬಿಇಒ ಕಚೇರಿಯಿಂದ ಎರಡು ಪತ್ರ ಬರುತ್ತವೆ. ಒಂದು, ಉತ್ತಮ ಸಾಧನೆಗಾಗಿ ಅಭಿನಂದನೆ. ಇನ್ನೊಂದು, ಆರನೇ ತರಗತಿಯ ದಾಖಲಾತಿ ಕುಸಿದಿದ್ದೇಕೆ, ಪಕ್ಕದ ಶಾಲೆಯೊಂದಿಗೆ ವಿಲೀನಗೊಳಿಸಬಾರದೇಕೆ ಎಂಬ ನೋಟಿಸು. ಎರಡಕ್ಕೂ ಒಬ್ಬರದೇ ಸಹಿ. ಉತ್ತರಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಮೊದಲನೆಯ ಪತ್ರದಲ್ಲಿರುವ ಹೆಸರುಗಳ ಪಟ್ಟಿಯನ್ನೇ ಎರಡನೆಯದಕ್ಕೆ ಲಗತ್ತಿಸಿದರೆ ಆಯಿತು.